ಬೆಳಗಿನ ಜಾವದ ಬಿಳಿ ಪಂಚೆ

ಕೋವಿಲ್‌ಪಟ್ಟಿಯ ಇಸಕ್ಕಿಮುತ್ತು ಮನೆಗೆ ಕ್ಯಾಮೆರಾ ಹಾಕಿಸಿದ್ದು ಪೆಟ್ರೋಲ್ ಕಳ್ಳನನ್ನು ಹಿಡಿಯಲು. ಅಂಗಳದಲ್ಲಿ ನಿಲ್ಲಿಸಿದ ಬೈಕಿನಿಂದ ಯಾರೋ ರಾತ್ರಿ ಪೆಟ್ರೋಲ್ ಇಳಿಸಿಕೊಂಡು ಹೋಗುತ್ತಿದ್ದರು. ಮುಂಬಾಗಿಲ ಮೇಲೆ, ಗೇಟಿನ ಕಡೆ ಮುಖಮಾಡಿ ಕ್ಯಾಮೆರಾ ಕೂತ ಮೇಲೆ ಆ ಕಳ್ಳ ಇತ್ತ ಸುಳಿಯಲೇ ಇಲ್ಲ. ಬೇರೊಬ್ಬ ಸಿಕ್ಕಿಬಿದ್ದ. ಅವನು ಸಿಗದೇ ಇದ್ದಿದ್ದರೆ ಇಸಕ್ಕಿಮುತ್ತುವಿನ ಪುಣ್ಯ ಎನ್ನಬೇಕಿತ್ತು.

ಅದು ಮಾರ್ಗಳಿ, ಧನುರ್ಮಾಸದ ಚಳಿಯ ತಿಂಗಳು. ಇಸಕ್ಕಿಮುತ್ತು ಶಬರಿಮಲೆಗೆ ಮಾಲೆ ಹಾಕಿದ್ದ. ಕರಿ ಪಂಚೆ, ಕರಿ ವಲ್ಲಿ, ಬರಿಗಾಲು, ಎದೆಯವರೆಗೆ ಇಳಿಯಲು ಹೊರಟಿದ್ದ ಗಡ್ಡ. ಮಲಗುವುದು ಮಾಳಿಗೆಯ ಕೋಣೆಯಲ್ಲಿ, ಚಾಪೆಯ ಮೇಲೆ, ಒಬ್ಬನೇ. ಬೆಳಗಿನ ಜಾವಕ್ಕೆದ್ದು ತಣ್ಣೀರು ಸುರಿದುಕೊಂಡು, ಹೆಂಡತಿ ಮಾರಿಸೆಲ್ವಿ ಬಾಗಿಲಲ್ಲಿ ನಿಂತು ಕೊಡುವ ಹಾಲಿನ ಚೆಂಬು ಹಿಡಿದು ಕೋವಿಲಿಗೆ ಹೋಗುವುದು, ಭಜನೆ ಮುಗಿಸಿ ಬಿಸಿಲೇರಿದ ಮೇಲೆ ಬರುವುದು. ಮಾಲೆ ಕೊರಳಲ್ಲಿರುವಷ್ಟು ದಿನ ಅವನು ಯಾರ ಮೇಲೂ ಸಿಟ್ಟಾಗುವ ಹಾಗಿಲ್ಲ, ಕೆಟ್ಟದ್ದು ಎಣಿಸುವ ಹಾಗಿಲ್ಲ. ಹೆಂಡತಿಗೂ ಅವನು 'ಸಾಮಿ'. ಅವನಿಗೆ ಅವಳು 'ಅಮ್ಮಾ'. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಇಷ್ಟು ಮರ್ಯಾದೆಯ ಮಾತು ಯಾರೂ ಕೇಳಿರಲಿಲ್ಲ.

ಅವನದು ಕಡಲೆ ಮಿಠಾಯಿಯ ಸಣ್ಣ ಕಾರ್ಖಾನೆ. ಒಂದು ಮಧ್ಯಾಹ್ನ ಬೆಲ್ಲದ ಪಾಕ ಒಲೆಯ ಮೇಲಿದ್ದಾಗ, ಸುಮ್ಮನೆ ಫೋನು ತೆಗೆದು ಕ್ಯಾಮೆರಾ ಹಿಡಿದಿಟ್ಟದ್ದನ್ನು ನೋಡುತ್ತ ಕೂತ. ಬೆಕ್ಕು, ಪೇಪರಿನ ಹುಡುಗ, ಮತ್ತೆ ಬೆಕ್ಕು. ಆಮೇಲೆ, ಇನ್ನೂ ಕತ್ತಲಿರುವಾಗ, ತನ್ನ ಮನೆಯೊಳಗಿನಿಂದ ಒಬ್ಬ ಗಂಡಸು ಹೊರಗೆ ಬಂದ. ಬೆನ್ನು ಮಾತ್ರ ಕಾಣುತ್ತಿತ್ತು. ಬಿಳಿ ಪಂಚೆ, ಚಳಿಗೆ ತಲೆಯ ಮೇಲಿಂದ ಹೊದ್ದ ಬಿಳಿ ವಲ್ಲಿ. ಹೊಸ್ತಿಲ ಕಡೆಯಿಂದ ಬಳೆ ತೊಟ್ಟ ಕೈಯೊಂದು ಮುಂದೆ ಬಂದು ಅವನಿಗೆ ಚೆಂಬು ಕೊಟ್ಟಿತು. ಅವನು ಇಸಿದುಕೊಂಡು ಗೇಟು ದಾಟಿ ಹೋದ.

ಇಸಕ್ಕಿಮುತ್ತು ಅದನ್ನೇ ಮತ್ತೆ ಮತ್ತೆ ಓಡಿಸಿ ನೋಡಿದ. ಪಾಕ ಹೊತ್ತಿ ಕರಕಾಯಿತು. ಕೆಲಸದ ಹೆಂಗಸರು ಮೂಗಿಗೆ ಸೆರಗು ಹಿಡಿದುಕೊಂಡು ಸಾಮಿಗೆ ಏನಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿದರು.

ಅವನು ಹಿಂದಿನ ದಿನದ್ದು ನೋಡಿದ, ಅದರ ಹಿಂದಿನದ್ದೂ ನೋಡಿದ. ಪ್ರತಿದಿನವೂ ಅದೇ. ಕತ್ತಲಲ್ಲಿ ಬಿಳಿ ಪಂಚೆಯವನು ಹೋಗುತ್ತಾನೆ. ಬೆಳಕಾದ ಮೇಲೆ ಕರಿ ಪಂಚೆಯ ಇಸಕ್ಕಿಮುತ್ತು ಗಡ್ಡ ನೀವಿಕೊಳ್ಳುತ್ತ ಬರುತ್ತಾನೆ. ತಾನು ಹೋಗುವುದು ಮಾತ್ರ ಎಲ್ಲಿಯೂ ಇಲ್ಲ. ಅದಕ್ಕೆ ಅವನಿಗೆ ಕೂಡಲೇ ಕಾರಣ ಹೊಳೆಯಿತು. ಕರಿ ಬಟ್ಟೆ ಉಟ್ಟವನು ಕತ್ತಲಲ್ಲಿ ಹೋದರೆ ಯಾವ ಕ್ಯಾಮೆರಾಕ್ಕೆ ಕಂಡಾನು? ಅಂದರೆ ತಾನು ಹೋಗುವುದನ್ನೇ ಕಾದು, ತನ್ನ ಬೆನ್ನಿಗೇ ಇವನು ಹೊರಬೀಳುತ್ತಿದ್ದಾನೆ. ತನಗೊಂದು ಚೆಂಬು, ಅವನಿಗೊಂದು ಚೆಂಬು. ಹುಚ್ಚು ಹಿಡಿಯುವವನಿಗೂ ಒಂದು ಲೆಕ್ಕಾಚಾರ ಇರುತ್ತದೆ, ಇವನದು ಹೀಗಿತ್ತು.

ಸಂಜೆ ಮನೆಗೆ ಬಂದು ಸೆಲ್ವಿಯನ್ನು ನೋಡಿದ. ಅವಳು ಜಗಲಿಯ ಮೇಲೆ ಕೂತು ಅವನ ಇನ್ನೊಂದು ಕರಿ ಪಂಚೆಗೆ ತೇಪೆ ಹಾಕುತ್ತಿದ್ದಳು. ಭಜನೆಯಲ್ಲಿ ಕರ್ಪೂರದ ಕಿಡಿ ಬಿದ್ದು ಅಂಚಿನಲ್ಲಿ ತೂತಾಗಿತ್ತು. ಆ ಪಂಚೆ, ವಲ್ಲಿ ಎಲ್ಲ ಒಗೆದ ಗಳಿಗೆಯಲ್ಲೇ ಒಣಗುವ ನೈಲಾನ್ ತರಹದ ನುಣುಪು ಬಟ್ಟೆ. ತೇಪೆಗೆ ಆ ಬಟ್ಟೆ ಸಿಗದೆ ಹಳೇ ಹತ್ತಿಬಟ್ಟೆಯ ಕೊಡೆಯಿಂದ ಚೌಕವಾಗಿ ಒಂದು ತುಂಡು ಕತ್ತರಿಸಿಕೊಂಡಿದ್ದಳು.

"ಎರಡೂ ಕಪ್ಪೇ ಅಲ್ಲವಾ ಸಾಮಿ, ಯಾರಿಗೆ ಗೊತ್ತಾಗತ್ತೆ?" ಎಂದಳು.

ಆ ಮಾತಿನಲ್ಲೂ ಅವನಿಗೆ ಏನೋ ವಾಸನೆ ಹೊಡೆಯಿತು. ಮಾಳಿಗೆ ಹತ್ತಿದ. ಶರಣು ಎಣಿಸಲು ಕೂತರೆ ಪ್ರತಿ ಶರಣಿನ ನಡುವೆ ಬಿಳಿ ಪಂಚೆ ಹಾದುಹೋಗುತ್ತಿತ್ತು. ಊರಲ್ಲಿ ಬಿಳಿ ಪಂಚೆ ಉಡುವವರು ಯಾರ್ಯಾರು ಎಂದು ನೆನೆಸಿಕೊಂಡ. ಮಾಲೆ ಹಾಕಿದವರನ್ನು ಬಿಟ್ಟರೆ ಎಲ್ಲರೂ ಉಡುತ್ತಿದ್ದರು.

ಮಾರನೆಯ ದಿನದಿಂದ ಅವನು ಕ್ಯಾಮೆರಾದ ಬೆನ್ನು ಹತ್ತಿದ. ಫೋನಿನಲ್ಲಿ ಅದಕ್ಕೆ ಮೂರು ಗುಂಡಿಗಳಿದ್ದವು: ಹಗಲು, ರಾತ್ರಿ, ತಾನಾಗಿಯೇ ಬದಲಾಗುವುದು. ಇಷ್ಟು ದಿನ ತಾನಾಗಿಯೇ ಬದಲಾಗಲು ಬಿಟ್ಟಿದ್ದ. ರಾತ್ರಿಯದ್ದರಲ್ಲಿ ಏನೋ ಮೋಸವಿದೆ ಎನಿಸಿ, ರಾತ್ರಿಯೂ ಹಗಲಿನದ್ದೇ ಇರಲಿ ಎಂದು ಒತ್ತಿದ. ಬೆಳಿಗ್ಗೆ ನೋಡಿದರೆ ಇದ್ದಿಲ ಮೂಟೆಯೊಳಗೆ ಇಣುಕಿದ ಹಾಗಿತ್ತು. ಬಿಳಿ ಪಂಚೆಯೂ ಇಲ್ಲ, ಗೇಟೂ ಇಲ್ಲ. ಮತ್ತೆ ರಾತ್ರಿಯದ್ದು ಒತ್ತಿದ, ಬಿಳಿ ಪಂಚೆ ಹಾಜರು. ಆದರೆ ಆ ಗುಂಡಿ ಒತ್ತಿದ ಮೇಲೆ ಬಿಸಿಲಲ್ಲೂ ಊರೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ತಾನು ಹಿಂದಿರುಗಿದ್ದನ್ನು ನೋಡಿ ತನಗೇ ಗುರುತು ಹತ್ತಲಿಲ್ಲ. ಬೈದುಕೊಂಡು ಮತ್ತೆ ತಾನಾಗಿಯೇ ಬದಲಾಗುವುದಕ್ಕೆ ತಂದ.

ಕೊನೆಗೆ ಒಂದು ಉಪಾಯ ಮಾಡಿದ. ಬಾಗಿಲ ಮೇಲಿನ ದೊಡ್ಡ ದೀಪ ಉರಿಸಿಟ್ಟೇ ಕೋವಿಲಿಗೆ ಹೊರಟ. ಬಂದು ಆ ದಿನದ್ದು ತೆರೆದು ನೋಡಿದ. ಬಣ್ಣ ಬಣ್ಣವಾಗಿ ಬಂದಿತ್ತು. ಕರಿ ಪಂಚೆಯ ಇಸಕ್ಕಿಮುತ್ತು ಚೆಂಬು ಇಸಿದುಕೊಂಡು ಗೇಟು ದಾಟಿದ. ಅವನ ಹಿಂದೆ ಯಾರೂ ಬರಲಿಲ್ಲ.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಗುಟ್ಟು ಬಿಚ್ಚಿಕೊಳ್ಳುತ್ತಿತ್ತು. ಇಸಕ್ಕಿಮುತ್ತುವಿಗೆ ಅನಿಸಿದ್ದು ಒಂದೇ: ದೀಪ ಉರಿಯುವುದನ್ನು ನೋಡಿ ಅವನು ಬಂದಿಲ್ಲ. ಅಷ್ಟು ಹುಷಾರಾದ ಮನುಷ್ಯ. ಮರುದಿನ ದೀಪ ಹಾಕಲಿಲ್ಲ, ಬಿಳಿ ಪಂಚೆಯವನು ತಪ್ಪದೆ ಬಂದ. ಈಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ ಎಂದುಕೊಂಡ ಬಡಪಾಯಿ.

ಮಲೆಗೆ ತಲೆಯ ಮೇಲೆ ಹೊತ್ತೊಯ್ಯುವ ಗಂಟು, ಇರುಮುಡಿ, ಕಟ್ಟುವ ದಿನ ಹತ್ತಿರ ಬಂತು. ಅವನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಅದೇ. ಮನೆಯವರೆಲ್ಲ ಮುಡಿಗೆ ಅಕ್ಕಿ ಹಾಕಬೇಕು, ಹೆಂಡತಿಯ ಕೈಯದ್ದು ಮೊದಲು. ಆ ಕೈಯ ಅಕ್ಕಿ ತಲೆಯ ಮೇಲೆ ಹೊತ್ತು ಮಲೆ ಹತ್ತುವುದು ಹೇಗೆ? ಬೇಡವೆಂದರೆ ನಾಲ್ಕು ಜನರ ಮುಂದೆ ಏನು ಹೇಳುವುದು? ಮನಸ್ಸಿನಲ್ಲಿ ಇಷ್ಟು ಕೊಳಕಿಟ್ಟುಕೊಂಡು ಹತ್ತುವವನ ವ್ರತ ವ್ರತವೇ? ಮುಡಿ ಕಟ್ಟುವ ಹಿಂದಿನ ದಿನ ತಡೆಯಲಾರದೆ ಅಡಿಗೆಮನೆಗೆ ಹೋಗಿ ಫೋನನ್ನು ಸೆಲ್ವಿಯ ಮುಂದೆ ಹಿಡಿದ.

"ಇದು ಯಾರಮ್ಮಾ?"

ಸೆಲ್ವಿ ಕೈ ಒರೆಸಿಕೊಂಡು ನೋಡಿದಳು. ನಕ್ಕಳು.

"ಯಾರು ಅಂದ್ರೆ? ನೀವೇ ಅಲ್ಲವಾ ಸಾಮಿ."

"ಬಿಳಿ ಪಂಚೆ ಉಟ್ಟಿದ್ದಾನೆ."

"ಉಟ್ಟಿರಲಿ. ಗೇಟಿನ ಚಿಲಕ ಹಾಕಿ ಎರಡು ಹೆಜ್ಜೆ ಹೋಗಿ, ಮತ್ತೆ ವಾಪಸ್ ಬಂದು ಎಳೆದು ನೋಡ್ತಾನಲ್ಲ, ನೋಡಿ. ಈ ಕೋವಿಲ್‌ಪಟ್ಟಿಯಲ್ಲಿ ಇನ್ಯಾವ ಗಂಡಸಿಗೆ ಆ ಚಾಳಿ ಇದೆ?"

"ನಾನು ಹಾಗೆ ಮಾಡ್ತೀನಾ?"

"ಮದುವೆಯಾದ ದಿನದಿಂದ."

ಅವನು ಮತ್ತೊಮ್ಮೆ ನೋಡಿದ. ಹೌದು, ಆ ಮನುಷ್ಯ ಗೇಟಿಗೆ ಹಿಂದಿರುಗಿ ಬಂದು, ವಲ್ಲಿಯ ಮರೆಯಲ್ಲಿ ಮುಖ ಕಾಣದಂತೆ ತಲೆ ತಗ್ಗಿಸಿ, ಚಿಲಕ ಎಳೆಯುತ್ತಿದ್ದ. ತಾನು ಹಾಗೆ ಮಾಡುವುದು ಅವನಿಗೆ ನೆನಪಿರಲಿಲ್ಲ. ನೆನಪಿದ್ದದ್ದು ತನ್ನ ಮೈಮೇಲಿದ್ದ ಕರಿ ಬಟ್ಟೆ. ಹಾಗಾದರೆ ಪಂಚೆ ಬಿಳಿ ಯಾಕೆ, ಎಂದು ಕೇಳಿದ. ಅದು ತನಗೇನು ಗೊತ್ತು, ಮಿಷನ್ನನ್ನೇ ಕೇಳಿ ಎಂದಳು. ಅವನು ನಿಂತೇ ಇದ್ದ, ಕಣ್ಣು ಅವಳ ಮುಖದ ಮೇಲಿಂದ ಕದಲಲಿಲ್ಲ. ಅವನು ಕೇಳುತ್ತಿರುವುದು ಏನನ್ನು ಎಂದು ಅವಳಿಗೆ ಅರ್ಥವಾಗಿದ್ದು ಆಗಲೇ. ನಗು ಮುಖದ ಮೇಲೇ ಆರಿಹೋಯಿತು. ಒಲೆಯ ಕಡೆ ತಿರುಗಿಕೊಂಡಳು.

ಮರುದಿನ ಸಂಜೆ ಕೋವಿಲಿನ ಮಂಟಪದಲ್ಲಿ ವೇಲಾಂಡಿ ಗುರುಸಾಮಿ ಇರುಮುಡಿ ಕಟ್ಟಲು ಕೂತರು. ಎಷ್ಟೋ ವರ್ಷಗಳಿಂದ ಮಲೆಗೆ ಜನರನ್ನು ಕರೆದೊಯ್ಯುವ ಹಿರಿಯರು, ಅವರ ಮಾತಿಗೆ ಯಾರೂ ಎದುರಾಡರು. ತೆಂಗಿನಕಾಯಿಗೆ ತುಪ್ಪ ತುಂಬಿ ಮುಗಿಸಿ, ಚೀಲದ ಬಾಯಿ ತೆರೆದು ಹಿಡಿದು, ಇಸಕ್ಕಿಮುತ್ತು ಸಾಮಿಯ ಮನೆಯಾಕೆ ಬರಲಿ ಎಂದರು. ಸೆಲ್ವಿ ಬಂದು ಅಕ್ಕಿಯ ತಟ್ಟೆಗೆ ಕೈ ಇಟ್ಟಳು. ಹಿಡಿ ತುಂಬಿಕೊಂಡು ಗಂಡನ ಮುಖ ನೋಡಿದಳು.

ಅವನು ಕಣ್ಣು ಕೆಳಗೆ ಹಾಕಿದ.

ಅಷ್ಟೇ. ಬೇಡವೆನ್ನಲಿಲ್ಲ, ಹಾಕು ಎನ್ನಲಿಲ್ಲ. ಸೆಲ್ವಿ ಹಿಡಿಯಲ್ಲಿದ್ದ ಅಕ್ಕಿಯನ್ನು ಮೆಲ್ಲಗೆ ತಟ್ಟೆಗೇ ಬಿಟ್ಟಳು.

"ನಾದಿನಿ ಹಾಕಲಿ ಗುರುಸಾಮಿ," ಎಂದಳು. "ನನಗೆ ಯಾಕೋ ತಲೆ ಸುತ್ತುತ್ತಿದೆ."

ಅವನ ತಂಗಿ ಪೇಚ್ಚಿ ಗಾಬರಿಯಾಗಿ ಮುಂದೆ ಬಂದು ಅಕ್ಕಿ ಹಾಕಿದಳು. ಚಿಕ್ಕಪ್ಪ ಹಾಕಿದ, ಪಕ್ಕದ ಮನೆಯವರು ಹಾಕಿದರು, ಮಂಟಪದಲ್ಲಿ ನೆರೆದವರೂ ಹಾಕಿದರು. ಇಸಕ್ಕಿಮುತ್ತು ಬಾಯಿ ತೆರೆದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ತೆರೆಯಲಿಲ್ಲ. ತಲೆ ಎತ್ತಿದಾಗ ಅವಳು ಮಂಟಪ ಇಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋಗಿಬಿಟ್ಟಿದ್ದಳು. ಗುರುಸಾಮಿ ಎರಡು ಗಂಟು ಬಿಗಿದು ಮುಡಿಯನ್ನು ಅವನ ತಲೆಯ ಮೇಲಿಟ್ಟರು. ಅದು ಯಾವ ವರ್ಷಕ್ಕಿಂತಲೂ ಭಾರವಾಗಿತ್ತು.

ಬಸ್ಸು ಹೊರಟಾಗ ಕತ್ತಲಾಗಿತ್ತು. ಎಲ್ಲರೂ ಶರಣು ಕೂಗುತ್ತಿದ್ದರು, ಇವನ ತುಟಿ ಮಾತ್ರ ಅಲುಗುತ್ತಿತ್ತು. ಅವಳು ಹೇಳಿದ್ದು ನಿಜವಿರಬಹುದೇ? ಚಿಲಕದ ಚಾಳಿ ನಿಜವಾದರೆ ಪಂಚೆ ಸುಳ್ಳೇ? ಪಂಚೆ ನಿಜವಾದರೆ ಆ ಚಾಳಿ ಇನ್ನೊಬ್ಬನಿಗೆ ಹೇಗೆ ಬಂತು? ಯಾವ ತುದಿ ಹಿಡಿದು ಎಳೆದರೂ ಗಂಟು ಬಿಚ್ಚಲಿಲ್ಲ. ಊರು ದಾಟುವಷ್ಟರಲ್ಲಿ ಫೋನು ಟಿಣ್ ಎಂದಿತು. ಮನೆಯ ಅಂಗಳದಲ್ಲಿ ಯಾರೋ ಇದ್ದಾರೆ ಎಂದು ಕ್ಯಾಮೆರಾ ತಿಳಿಸುತ್ತಿತ್ತು. ಬಂದೇ ಬಿಟ್ಟನಲ್ಲ, ತಾನು ಊರು ಬಿಡುವುದನ್ನೇ ಕಾಯುತ್ತಿದ್ದ, ಎಂದುಕೊಂಡು ಒತ್ತಿದ.

ಸೆಲ್ವಿ ಇದ್ದಳು. ಬಾಗಿಲ ದೀಪ ಆರಿತ್ತು. ಒಬ್ಬಳೇ ಸ್ಟೂಲು ತಂದು ಕ್ಯಾಮೆರಾದ ಕೆಳಗೆ ಇಟ್ಟಳು. ಒಣಹಾಕುವ ಹಗ್ಗದಿಂದ ಒಂದು ಬಟ್ಟೆ ಎಳೆದುಕೊಂಡು ಸ್ಟೂಲು ಹತ್ತಿದಳು. ಅವಳ ಮುಖ ಹತ್ತಿರ ಬಂದು ಪರದೆ ತುಂಬಿತು. ಕಣ್ಣು ಅತ್ತು ಊದಿಕೊಂಡಿತ್ತು. ಬಟ್ಟೆಯನ್ನು ಎತ್ತಿ ಕ್ಯಾಮೆರಾಕ್ಕೆ ಸುತ್ತತೊಡಗಿದಳು. ಹಾಲಿನಂಥ ಬಿಳಿ ಪಂಚೆ. ಅದರ ಅಂಚಿನಲ್ಲಿ ಚೌಕವಾದ ಒಂದು ಕರಿ ತೇಪೆ ಕಣ್ಣ ಮುಂದೆ ನಿಧಾನವಾಗಿ ಸರಿದುಹೋಯಿತು. ಆಮೇಲೆ ಪರದೆ ಪೂರ್ತಿ ಬಿಳಿಯಾಯಿತು.

ಇಸಕ್ಕಿಮುತ್ತು ಆ ಬಿಳಿಯನ್ನೇ ನೋಡುತ್ತ ಕೂತ. ಕೊಡೆಯ ತುಂಡಿನ ತೇಪೆ. ಅದು ಇರುವುದು ತನ್ನ ಕರಿ ಪಂಚೆಗೆ. ತೇಪೆ ಕಪ್ಪಾಗಿಯೇ ಇತ್ತು, ಪಂಚೆ ಬೆಳ್ಳಗಾಗಿತ್ತು. ಈ ಹಾಳು ಮಿಷನ್ನು ಕತ್ತಲಾದರೆ ಕಣ್ಣಿಗೆ ಕಾಣದ ತನ್ನದೇ ಬೆಳಕಿನಲ್ಲಿ ಆ ನುಣುಪು ಬಟ್ಟೆಯ ಕಪ್ಪನ್ನು ಬಿಳಿ ಮಾಡಿ ತೋರಿಸುತ್ತಿತ್ತು. ದಿನಾ ಬೆಳಗಿನ ಜಾವ ಆ ಮನೆಯಿಂದ ಹೊರಟವನು ಒಬ್ಬನೇ. ಅವನನ್ನು ಹೆಂಡತಿ ಬೆನ್ನು ನೋಡಿಯೇ ಗುರುತು ಹಿಡಿದಿದ್ದಳು.

ಕೈ ತಾನಾಗಿ ತೊಡೆಯ ಮೇಲಿನ ಇರುಮುಡಿಗೆ ಹೋಯಿತು. ಅದರಲ್ಲಿ ತಂಗಿಯ ಅಕ್ಕಿ ಇತ್ತು, ಪಕ್ಕದ ಮನೆಯವರದ್ದಿತ್ತು, ಹೆಸರು ಗೊತ್ತಿಲ್ಲದವರದ್ದೂ ಇತ್ತು. ಸೆಲ್ವಿಯ ಕೈಯದ್ದು ಒಂದು ಕಾಳೂ ಇರಲಿಲ್ಲ. ಮಲೆ ಹತ್ತಿ ಸನ್ನಿಧಿ ಮುಟ್ಟುವವರೆಗೆ ಆ ಗಂಟನ್ನು ಬಿಚ್ಚುವ ಹಾಗೂ ಇರಲಿಲ್ಲ.

ಫೋನು ಮಾಡಿದ. ತುಂಬ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದಳು.

"ಸೆಲ್ವಿ, ಅದು ನಾನೇ ಕಣೇ."

"ನಾನು ನಿನ್ನೆಯೇ ಹೇಳಿದೆನಲ್ಲ."

"ನನ್ನ ಬುದ್ಧಿಗೆ ಏನಾಗಿತ್ತೋ. ಏನಾದರೂ ಬೈದುಬಿಡು."

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಮಾಲೆ ಹಾಕಿದ ಸಾಮಿಯನ್ನ ಬೈಯೋ ಹಾಗಿಲ್ಲ," ಎಂದಳು. "ಮಲೆ ಹತ್ತಿ ಬನ್ನಿ. ಮಾಲೆ ತೆಗೀರಿ. ಆಮೇಲೆ ನನ್ನ ಗಂಡನ ಹತ್ತಿರ ಮಾತಾಡ್ತೀನಿ."

ಫೋನು ಇಟ್ಟಳು. ಹಿಂದಿನ ಸೀಟಿನ ಸಾಮಿಗಳು ಇವನ ಬೆನ್ನು ತಟ್ಟಿ, ಗಟ್ಟಿಯಾಗಿ ಶರಣು ಕೂಗಲು ಹೇಳಿದರು. ಅವನು ಕೂಗಿದ. ಕೈಯಲ್ಲಿದ್ದ ಪರದೆ ಇನ್ನೂ ಬೆಳ್ಳಗೇ ಇತ್ತು.