ಆಪರೇಟರಣ್ಣನ ರಟ್ಟು

ಮಗ ದುಡಿಯುತ್ತಾನೆ, ಚಟಗಳಿಲ್ಲ, ಅಪ್ಪನಿಗೆ ಎದುರಾಡುವವನಲ್ಲ. ಆದರೆ ಮದುವೆಯ ಮಾತೆತ್ತಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾನೆ. ಇಂಥ ಮನೆ ನಿಮ್ಮ ಬೀದಿಯಲ್ಲೂ ಒಂದಿರಬೇಕು. ಆಪರೇಟರಣ್ಣನ ಮನೆ ಅಂಥದ್ದು.

ಊರಿಗೆ ಇದ್ದದ್ದೊಂದೇ ಟಾಕೀಸು. ಅದರಲ್ಲಿ ಸಿನಿಮಾ ಓಡಿಸುವ ಕೆಲಸ ಅವನದು. ರೀಲಿನ ಕಾಲದಿಂದ ಕಂಪ್ಯೂಟರ್ ಕಾಲದವರೆಗೂ ಆ ಕೋಣೆಯಲ್ಲೇ ತಲೆ ನರೆಸಿಕೊಂಡವನು. ಅವನಿಗೆ ಹೆಸರು ತಂದದ್ದು ಮಾತ್ರ ಒಂದು ರಟ್ಟು. ಟೀವಿ ಡಬ್ಬದಿಂದ ಅಗಲಕ್ಕೆ ಕತ್ತರಿಸಿಕೊಂಡದ್ದು, ಹಿಡಿಯಲು ಒಂದು ಕೋಲು ಕಟ್ಟಿದ್ದು. ಸಂಸಾರಸ್ಥರು ನೋಡಬಾರದ್ದು ಪರದೆಯ ಮೇಲೆ ಬಂತೆಂದರೆ, ಬೆಳಕು ಹಾಯುವ ಕಿಂಡಿಗೆ ಆ ರಟ್ಟನ್ನು ಅಡ್ಡ ಹಿಡಿಯುತ್ತಿದ್ದ. ಟಾಕೀಸಿನ ಹಾಲು ಕತ್ತಲಾಗುತ್ತಿತ್ತು, ಮಾತಷ್ಟೇ ಕೇಳುತ್ತಿತ್ತು. ಮುಂದಿನ ಬೆಂಚಿನ ಪಡ್ಡೆಗಳು ಶಿಳ್ಳೆ ಹೊಡೆದು ಅವನ ವಂಶವನ್ನೆಲ್ಲ ಹೊಗಳುತ್ತಿದ್ದರು. ಅವನು ಜಗ್ಗುತ್ತಿರಲಿಲ್ಲ. ನಮ್ಮ ಟಾಕೀಸಿಗೆ ಹೆಣ್ಣುಮಕ್ಕಳನ್ನು ನಂಬಿ ಕಳಿಸಬಹುದು ಎಂದು ಊರು ಹೇಳುತ್ತಿತ್ತು. ಆ ಮಾತು ಕೇಳಿದಾಗಲೆಲ್ಲ ಅವನು ಒಳಗೊಳಗೇ ಬೀಗುತ್ತಿದ್ದ.

ಮಗ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿದ್ದ. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತುವುದರಲ್ಲಿ ಎತ್ತಿದ ಕೈ. ಈಚೆಗೆ ಅವನು ಸೊರಗಿಹೋಗಿದ್ದ. ಫೋಟೋ ಸ್ಟುಡಿಯೋದ ಹುಡುಗ ತೀರಿಕೊಂಡ ಮೇಲಂತೂ ತಟ್ಟೆಯ ಮುಂದೆ ಕೂತವನು ಹಾಗೇ ಎದ್ದುಹೋಗುತ್ತಿದ್ದ. ಇಬ್ಬರೂ ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರು. ಸ್ಟುಡಿಯೋ ಹುಡುಗನಿಗೆ ಮನೆಯವರು ಒತ್ತಾಯದಿಂದ ಮದುವೆ ಮಾಡಿದ್ದರು. ವರ್ಷ ತುಂಬುವ ಮೊದಲೇ ಹೊಟ್ಟೆನೋವಿನಿಂದ ಹೋದ ಎಂದು ಸುದ್ದಿ ಬಂತು. ಆಪರೇಟರಣ್ಣ ಹೆಚ್ಚು ಕೇಳಲು ಹೋಗಲಿಲ್ಲ. ಮದುವೆಯಾದರೆ ತನ್ನ ಮಗನ ದುಃಖ ತಾನಾಗಿ ಕರಗುತ್ತದೆ ಎಂದುಕೊಂಡು, ಅವನನ್ನು ಒಂದು ಮಾತೂ ಕೇಳದೆ ಹೆಣ್ಣು ಗೊತ್ತುಮಾಡಿ ಬಂದ. ಈ ಸಲ ಮಗ ಚಪ್ಪಲಿ ಮೆಟ್ಟಿ ಹೊರಡಲಿಲ್ಲ. ಒಪ್ಪಿದ ಎಂದು ಅಪ್ಪ ತಿಳಿದುಕೊಂಡ.

ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸಮ್ಮ ಟಾಕೀಸಿನ ಮೆಟ್ಟಿಲು ಹತ್ತಿ ಬಂದರು. ಒಂದು ಸಿನಿಮಾವನ್ನು ಬೆಳಗಿನ ಆಟಕ್ಕೆ ಪುಕ್ಕಟೆ ತೋರಿಸಬೇಕು, ಮಾಲೀಕರು ಒಪ್ಪಿದ್ದಾರೆ ಎಂದರು. ಬಸ್ ಡ್ರೈವರಾಗಿದ್ದವನೊಬ್ಬನ ಜೀವನದ ಕಥೆ. ಅವನು ಗಂಡಸರನ್ನೇ ಪ್ರೀತಿಸುವವನು, ಸಲಿಂಗಪ್ರೇಮಿ. ಅದನ್ನು ಮುಚ್ಚಿಡದೆ ಚುನಾವಣೆಗೆ ನಿಲ್ಲುತ್ತಾನೆ, ಸೋಲುತ್ತಾನೆ, ಮತ್ತೆ ನಿಂತು ಗೆದ್ದು ಪುರಸಭೆಗೆ ಹೋಗುತ್ತಾನೆ. ತನ್ನಂಥವರನ್ನು ಕೆಲಸದಿಂದ, ಬಾಡಿಗೆ ಮನೆಯಿಂದ ಹೊರಗೆ ಹಾಕಬಾರದೆಂದು ಮೊದಲ ಸಲ ಅಲ್ಲಿ ಎದ್ದು ನಿಂತು ಮಾತಾಡುತ್ತಾನೆ. ಕೊನೆಗೆ ಅವನನ್ನು ಕೊಂದುಹಾಕುತ್ತಾರೆ.

ಆಪರೇಟರಣ್ಣ ಮುಖ ಸಿಂಡರಿಸಿದ. ಊರಿನಲ್ಲಿ ನಲ್ಲಿ ನೀರಿಲ್ಲ, ಚರಂಡಿ ತುಂಬಿ ನಾರುತ್ತಿದೆ, ಅದರ ಸಿನಿಮಾ ತೋರಿಸಿ, ಈ ರೋಗದ ಸಿನಿಮಾ ಯಾಕೆ ಎಂದ.

“ಇದು ರೋಗ ಅಲ್ಲ ಆಪರೇಟರಣ್ಣ. ರೋಗ ಆಗಿದ್ರೆ ನಾನು ಮಾತ್ರೆ ತರ್ತಿದ್ದೆ, ಸಿನಿಮಾ ತರ್ತಿರ್ಲಿಲ್ಲ. ಕೆಲವರು ಹಾಗೇ ಇರ್ತಾರೆ. ಯಾರೂ ಕಲಿಸಿದ್ದಲ್ಲ, ಹೊಡೆದ್ರೆ ಹೋಗೋದೂ ಅಲ್ಲ.”

“ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಬಿಡಿ.”

ನರ್ಸಮ್ಮ ಅವನೆದುರು ಸ್ಟೂಲು ಎಳೆದುಕೊಂಡು ಕೂತರು. “ಸ್ಟುಡಿಯೋ ಹುಡುಗನಿಗೆ ಮಾಡಿದ್ರಲ್ಲ. ಅವನು ಹೊಟ್ಟೆನೋವಿಂದ ಹೋಗಲಿಲ್ಲ. ಜೀವ ತಾನೇ ತಗೊಂಡ. ಇದನ್ನ ಹೇಳು ಅಂತ ಅವರಮ್ಮನೇ ನನ್ನ ಕಳಿಸಿರೋದು. ಆ ಹುಡುಗಿ ನೋಡಿ, ಏನೂ ತಪ್ಪು ಮಾಡದೆ ತವರಿನ ಮೂಲೆ ಸೇರಿದಾಳೆ. ಒಂದು ಮದುವೆಗೆ ಎರಡು ಜೀವ.”

ಆಪರೇಟರಣ್ಣನಿಗೆ ತಟ್ಟೆ ಬಿಟ್ಟು ಎದ್ದುಹೋಗುವ ಮಗ ನೆನಪಾದ. ಅದನ್ನು ತೋರಗೊಡದೆ, ಮಾಲೀಕರು ಹೇಳಿದ ಮೇಲೆ ನನ್ನದೇನು, ಓಡಿಸುತ್ತೇನೆ ಎಂದ. ಅವರು ಹೋದ ಮೇಲೆ ಒಬ್ಬನೇ ಕೂತು ಸಿನಿಮಾವನ್ನು ಓಡಿಸಿ ನೋಡಿದ. ಎಲ್ಲಿ ರಟ್ಟು ಹಿಡಿಯಬೇಕೆಂದು ಗುರುತು ಮಾಡಿಕೊಂಡ. ಮನೆಯಲ್ಲಿ ಯಾರಿಗೂ ಏನನ್ನೂ ಹೇಳಲಿಲ್ಲ.

ಬೆಳಗಿನ ಆಟಕ್ಕೆ ಅರ್ಧ ಹಾಲು ತುಂಬಿತ್ತು. ಪುಕ್ಕಟೆ ಅಂದರೆ ಯಾರು ಬಿಡುತ್ತಾರೆ. ಮೊದಮೊದಲು ಕೇಕೆ, ನಗು ಎಲ್ಲ ಇತ್ತು. ಡ್ರೈವರನ ಮನೆಯ ಬಾಗಿಲಿಗೆ ರಾತ್ರೋರಾತ್ರಿ ಡಾಂಬರು ಬಳಿದದ್ದನ್ನು ಕಂಡ ಮೇಲೆ ನಗು ಕಡಿಮೆಯಾಯಿತು. ಮುಂದೆ ಪರದೆಯಲ್ಲಿ ಮಹಡಿಯ ಮೇಲೆ ಇಬ್ಬರು ಗಂಡಸರು ಕೈ ಕೈ ಹಿಡಿದು ನಿಂತರು. ಆಪರೇಟರಣ್ಣ ರಟ್ಟು ಎತ್ತಿದ.

ಕೈ ಹಿಡಿದದ್ದು ಒಂದು ಗಳಿಗೆ ಅಷ್ಟೆ. ಆದರೂ ಯಾವುದಕ್ಕೂ ಇರಲಿ ಎಂದು ಅವನು ರಟ್ಟನ್ನು ಇಳಿಸಲಿಲ್ಲ. ಕತ್ತಲಲ್ಲೇ ಮುಂದಿನ ದೃಶ್ಯ ಶುರುವಾಯಿತು. ಡ್ರೈವರು ಅಡುಗೆಮನೆಯಲ್ಲಿ ತಾಯಿಗೆ ತನ್ನ ವಿಷಯ ಹೇಳುತ್ತಿದ್ದ. ತಾಯಿ ಬಯ್ಯಲಿಲ್ಲ. ಇಷ್ಟು ವರ್ಷ ಇದನ್ನ ಒಬ್ಬನೇ ಹೊತ್ತುಕೊಂಡು ತಿರುಗಿದೆಯಾ ಮಗಾ ಎಂದು ಕೇಳಿದಳು.

ಹಾಲಿನಲ್ಲಿ ಯಾರೋ ಅಳತೊಡಗಿದರು. ಉಸಿರು ಕಟ್ಟಿ, ನಡುವೆ ಬಿಕ್ಕಳಿಕೆ ಬಂದು, ಮತ್ತೆ ಉಸಿರು ಕಟ್ಟುವ ಅಳು. ಆ ಅಳು ಆಪರೇಟರಣ್ಣನಿಗೆ ಗೊತ್ತಿದ್ದದ್ದು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಹೀಗೇ ಅಳುತ್ತಿದ್ದವನನ್ನು ಹೆಗಲಿಗೆ ಹಾಕಿಕೊಂಡು ಬೀದಿ ಸುತ್ತಿದವನು ಅವನೇ. ಅಂಗಡಿಗೆ ಹೋಗಿದ್ದಾನೆ ಎಂದುಕೊಂಡಿದ್ದ ಮಗ ಕೆಳಗೆ ಕೂತಿದ್ದ. ಯಾರೂ ಕಾಣುವುದಿಲ್ಲವೆಂದು ಅಳುತ್ತಿದ್ದ.

ನರ್ಸಮ್ಮ ಏದುಸಿರು ಬಿಡುತ್ತ ಮೇಲೆ ಬಂದರು. ರಟ್ಟು ತೆಗೀರಿ ಎಂದರು.

“ತೆಗೆದ್ರೆ ಬೆಳಕು ಬೀಳುತ್ತೆ,” ಎಂದ ಆಪರೇಟರಣ್ಣ. “ಅವನು ಅಳೋದನ್ನ ಊರೆಲ್ಲಾ ನೋಡುತ್ತೆ.”

“ಎಷ್ಟು ದಿನ ಅಂತ ಹಿಡ್ಕೊಂಡು ನಿಲ್ತೀರಿ? ನೋಡೋರು ನೋಡ್ಲಿ. ಅವನ ಪಕ್ಕ ಯಾರೂ ಇಲ್ಲ, ನೀವು ಹೋಗಿ ಕೂತ್ಕೊಳ್ಳಿ.”

ನಿಮಗೆ ಮೊದಲೇ ಗೊತ್ತಿತ್ತಾ ಎಂದು ಅವನು ಕೇಳಿದ. ನನ್ನ ಹತ್ತಿರ ಯಾರು ಏನು ಹೇಳಿದರೂ ಅದು ನನ್ನಲ್ಲೇ ಇರುತ್ತದೆ ಎಂದಷ್ಟೇ ಹೇಳಿ ಅವರು ರಟ್ಟಿಗೆ ಕೈ ಚಾಚಿದರು. ಅವನು ಕೊಟ್ಟ.

ಅಷ್ಟು ವರ್ಷಗಳಲ್ಲಿ ಆಪರೇಟರಣ್ಣ ಹಾಲಿನ ಕುರ್ಚಿಯಲ್ಲಿ ಕೂತು ಒಂದು ಸಿನಿಮಾವನ್ನೂ ನೋಡಿದವನಲ್ಲ. ಅಂದು ಕೂತ. ಮಗ ಅವನನ್ನು ಕಂಡು ಬೆಚ್ಚಿ ಎದ್ದು ನಿಂತ. ಹೊಡೆತ ಬೀಳುತ್ತದೆಂದು ತೋಳು ಅಡ್ಡ ಹಿಡಿದ. ಅಪ್ಪ ಆ ತೋಳನ್ನೇ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ. ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಪರದೆಯ ಮೇಲೆ, ಬಸ್ ನಿಲ್ದಾಣದಲ್ಲಿ ಡ್ರೈವರನನ್ನು ಇರಿದು ಬೀಳಿಸಿದರು. ಇರಿದವನ ಮುಖ ಕಾಣಲಿಲ್ಲ, ಅವನ ಬೂಟುಗಳು ಓಡಿಹೋಗುವುದಷ್ಟೇ ಕಂಡಿತು. ಜನ ದೂರ ನಿಂತು ನೋಡಿದರು.

“ಮದುವೆ ದಿನದವರೆಗೆ ನಾನು ಇರ್ತಿರ್ಲಿಲ್ಲ ಅಪ್ಪ,” ಎಂದ ಮಗ, ಪರದೆಯ ಕಡೆಗೇ ನೋಡುತ್ತ.

ಅಪ್ಪ ಹಿಡಿದ ತೋಳನ್ನು ಬಿಡಲಿಲ್ಲ. “ಹುಡುಗಿ ಮನೆಗೆ ನಾನೇ ಹೋಗಿ ಹೇಳಿ ಬರ್ತೀನಿ. ನಿಂಗೆ ಇಷ್ಟವಿಲ್ಲ ಅಂತ. ಮಾನ ಹೋದ್ರೆ ನಂದು ಹೋಗ್ಲಿ. ನೀನು ಇರು.”

ಸಂಜೆ ಹೆಂಡತಿಗೆ ಏನು ಹೇಳುವುದೆಂದು ಅವನು ತಡವರಿಸುತ್ತ ನಿಂತಾಗ, ಆಕೆ ಒಲೆಯ ಕಡೆ ಮುಖ ಮಾಡಿ ಅಂದಳು: “ನಂಗೆ ಯಾವಾಗ್ಲೋ ಗೊತ್ತು ರೀ. ನಿಮ್ಮ ಬಾಯಿಗೆ ಹೆದರಿ ಬಾಯಿ ಮುಚ್ಕೊಂಡಿದ್ದೆ. ದಿನಾ ಬೆಳಗ್ಗೆ ಅವನ ಕೋಣೆ ಬಾಗಿಲಿಗೆ ಕಿವಿಯಿಟ್ಟು, ಉಸಿರು ಕೇಳಿದ ಮೇಲೇ ತಳ್ತಿದ್ದೆ.”

ಆಮೇಲೆ ಎಲ್ಲ ಸುಸೂತ್ರವಾಯಿತು ಎಂದು ಹೇಳಿದರೆ ಸುಳ್ಳಾದೀತು. ಹೆಣ್ಣಿನ ಕಡೆಯವರು ಬಾಗಿಲಲ್ಲೇ ನಿಲ್ಲಿಸಿ ಉಗಿದರು. ಬಂಧುಗಳು ಬರುವುದು ನಿಂತಿತು. ಮಗನ ಅಂಗಡಿಯ ಷಟರಿಗೆ ಯಾರೋ ಹೊಲಸು ಬರೆದರು, ಅಪ್ಪ ಮಗ ಸೇರಿ ಸೀಮೆಎಣ್ಣೆ ಹಾಕಿ ಉಜ್ಜಿದರು. ಕಲೆ ಪೂರ್ತಿ ಹೋಗಲಿಲ್ಲ. ಮಗ ನರ್ಸಮ್ಮ ಹೇಳಿದ ಡಾಕ್ಟರ ಹತ್ತಿರ ವಾರವಾರ ಹೋಗಿ ಮಾತಾಡಿ ಬರುತ್ತಾನೆ. ಅವನನ್ನು ಬದಲಿಸುವುದಕ್ಕಲ್ಲ, ಬದುಕಿಸಿಕೊಳ್ಳುವುದಕ್ಕೆ. ಒಮ್ಮೊಮ್ಮೆ ಊಟ ಬಿಡುತ್ತಾನೆ. ಆಗ ಅಪ್ಪ ಏನೂ ಕೇಳದೆ ಹೋಗಿ ಅವನ ಪಕ್ಕ ಕೂರುತ್ತಾನೆ. ಸ್ಟುಡಿಯೋ ಹುಡುಗನ ತಾಯಿ ಆಗಾಗ ಬಂದು ಇವರ ಮಗನನ್ನು ನೋಡಿಕೊಂಡು ಹೋಗುತ್ತಾಳೆ. ಮಾತು ಕಡಿಮೆ. ಅವಳಿಗೆ ಹೀಗೆ ಪಕ್ಕದಲ್ಲಿ ಕೂರಲು ಮಗ ಉಳಿದಿಲ್ಲ.

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗನೋ ಮಗಳೋ ಮದುವೆ ಬೇಡ ಎಂದರೆ ಗದರಿಸುವ ಮೊದಲು ಒಮ್ಮೆ ಕೇಳಿ, ಕೇಳಿದ ಮೇಲೆ ಉತ್ತರ ಬರುವವರೆಗೂ ಕಾಯಿರಿ. ವಾಸಿ ಮಾಡುತ್ತೇವೆ ಎನ್ನುವವರ ಕೈಗೆ ಮಕ್ಕಳನ್ನು ಕೊಡಬೇಡಿ. ಇದು ಕಾಯಿಲೆಯಲ್ಲ. ಒತ್ತಾಯದಿಂದ ಮದುವೆ ಮಾಡಿ ಇನ್ನೊಂದು ಮನೆಯ ಮಗುವನ್ನೂ ಮುಳುಗಿಸಬೇಡಿ. ಮಗು ಸೊರಗುತ್ತಿದ್ದರೆ, ಬದುಕುವುದು ಬೇಡವೆಂಬ ಮಾತಾಡಿದರೆ, ಒಂಟಿಯಾಗಿ ಬಿಡಬೇಡಿ, ಅಂದೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಿಮ್ಮ ಕೈಯಲ್ಲೂ ಒಂದು ರಟ್ಟು ಇರಬಹುದು. ಇವತ್ತೇ ಕೆಳಗಿಡಿ, ಹೋಗಿ ಅವರ ಪಕ್ಕ ಕೂತುಕೊಳ್ಳಿ.