ಶಿವದಾರದ ಗಂಟು

“ತಲೆ ಬಗ್ಸಮ್ಮ ಸ್ವಲ್ಪ, ಗಂಟು ಹಾಕ್ಬೇಕು,” ಎಂದ ಮುರುಗೇಶ.

ಹೊರಗೆ ಬಾಡಿಗೆಯ ಮೆಟಡೋರ್ ವ್ಯಾನು ಎರಡನೇ ಸಲ ಹಾರ್ನ್ ಹೊಡೆಯಿತು. ಚಾಮರಾಜಪೇಟೆಯ ಆ ರಸ್ತೆಯಲ್ಲಿ ಇನ್ನೂ ಹಾಲಿನವನೂ ಬಂದಿರಲಿಲ್ಲ. ದಾಕ್ಷಾಯಣಮ್ಮ ಆಗಷ್ಟೇ ಲಿಂಗಪೂಜೆ ಮುಗಿಸಿ ದೇವರಮನೆಯ ಮಣೆಯ ಮೇಲೆ ಕೂತಿದ್ದಳು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಎಡ ಅಂಗೈಯಲ್ಲಿತ್ತು. ಅದನ್ನು ಕೊರಳಿಗೆ ಕಟ್ಟಿಕೊಳ್ಳುವ ಹಳೇ ಹತ್ತಿಯ ಶಿವದಾರ ಬೆವರು, ಎಣ್ಣೆ ಹೀರಿ ಕಪ್ಪಾಗಿ, ಒಂದು ಕಡೆ ಎರಡೇ ಎಳೆಗೆ ಬಂದಿತ್ತು. ಹೊಸದು ತಂದುಕೊಡು ಅಂತ ಅವಳು ದೀಪಾವಳಿಯಿಂದ ಹೇಳುತ್ತಿದ್ದಳು. ಮಗನಿಗೆ ಮಾಮೂಲ್‌ಪೇಟೆಯಲ್ಲಿ ದಾರದ ಅಂಗಡಿ! ರೇಷ್ಮೆ ದಾರ, ಜರಿ ದಾರ, ಗಾಳಿಪಟದ ದಾರ, ಚೀಲ ಹೊಲಿಯುವ ದಾರ, ಕೇಳಿದ್ದೆಲ್ಲ ಇತ್ತು. ಅಮ್ಮನಿಗೆ ಎರಡು ಮೊಳ ತರುವುದಕ್ಕೆ ಮಾತ್ರ ಅವನಿಗೆ ಒಂದೂವರೆ ತಿಂಗಳು ಬೇಕಾಯಿತು. ಅದೂ ನಿನ್ನೆ ಸಂಜೆ ಬಾಗಿಲು ಎಳೆಯುವಾಗ ನೆನಪಾಗಿ, ಕೈಗೆ ಸಿಕ್ಕ ಬಿಳೀ ನೈಲಾನ್ ಹುರಿಯಲ್ಲಿ ಒಂದು ತುಂಡು ಕತ್ತರಿಸಿ ಜೇಬಿಗೆ ಹಾಕಿಕೊಂಡು ಬಂದಿದ್ದ.

“ಹತ್ತೀದು ಸಿಗ್ಲಿಲ್ವೇನೋ?”

“ಹತ್ತಿ ಎಲ್ಲ ಯಾವ ಕಾಲದ್ದಮ್ಮ! ಇದು ಆನೆ ಕಟ್ಟಿ ಎಳೆದ್ರೂ ಹರಿಯಲ್ಲ. ನೀರಲ್ಲಿ ನೆಂದ್ರೂ ಏನೂ ಆಗಲ್ಲ.”

ಹರಿಯುವುದಿಲ್ಲ ಎಂದದ್ದು ನಿಜವೇ. ಆದರೆ ನೈಲಾನಿಗೆ ಒಂದು ಕೆಟ್ಟ ಚಾಳಿ ಉಂಟು. ಅದರಲ್ಲಿ ಗಂಟು ನಿಲ್ಲುವುದಿಲ್ಲ. ಹತ್ತಿಯ ಗಂಟು ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ, ನೈಲಾನಿನದು ನುಣ್ಣಗೆ ಜಾರುತ್ತದೆ. ಅದಕ್ಕೇ ಗಂಟು ಹಾಕಿದ ಮೇಲೆ ತುದಿಗೆ ಬೆಂಕಿಕಡ್ಡಿ ತೋರಿಸಿ, ಕರಗಿಸಿ, ಒಂದು ಕಾಳಿನಷ್ಟು ಉಂಡೆ ಮಾಡಬೇಕು. ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆಲ್ಲ ಇದನ್ನು ಹೇಳಿ ಹೇಳಿ ಅವನ ಬಾಯಿಗೆ ಪಾಠವಾಗಿತ್ತು. ಈಗಲೂ ಬೆಂಕಿಪೊಟ್ಟಣಕ್ಕೆ ಅತ್ತಿತ್ತ ನೋಡಿದ. ಅಷ್ಟರಲ್ಲಿ ಮಗಳು ಮಾನ್ಯ ಬೀದಿಯಿಂದಲೇ, “ಅಪ್ಪಾ, ಡ್ರೈವರ್ ಬೈತಿದಾರೆ, ಬನ್ನೀ!” ಎಂದು ಕೂಗಿದಳು. ಎರಡು ಗಂಟು ಬಿಗಿದ. ದಾರಿಯಲ್ಲಿ ಸುಟ್ಟರಾಯಿತು ಅಂದುಕೊಂಡ.

ದಾರಿಯಲ್ಲಿ ನೆನಪಾಗಲಿಲ್ಲ ಅಂತಲ್ಲ. ಹೊಸೂರು ದಾಟಿದ ಮೇಲೆ ಡ್ರೈವರು ಬೀಡಿಗೆ ಕಡ್ಡಿ ಗೀರಿದಾಗ ಥಟ್ಟನೆ ನೆನಪಾಯಿತು. ಹಿಂದೆ ತಿರುಗಿ ನೋಡಿದ. ಅಮ್ಮ ಸೊಸೆಯ ಭುಜಕ್ಕೆ ತಲೆ ಕೊಟ್ಟು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಪಾಪ, ಎಬ್ಬಿಸುವುದು ಯಾಕೆ ಅನ್ನಿಸಿತು.

ಅದು ತೊಂಬತ್ತಾರರ ಡಿಸೆಂಬರಿನ ಒಂದು ಭಾನುವಾರ. ಹೊಗೇನಕಲ್ಲಿಗೆ ಹೋಗಬೇಕೆಂದು ಹಟ ಹಿಡಿದವಳು ಮಾನ್ಯ. ಸ್ಕೂಲಿನಲ್ಲಿ ಎಲ್ಲರೂ ಹೋಗಿ ಬಂದಿದ್ದಾರೆ, ಬಂಡೆಗಳ ಸಂದಿಯಲ್ಲಿ ತೆಪ್ಪದಲ್ಲಿ ಕೂರಿಸಿಕೊಂಡು ಸುತ್ತಾಡಿಸುತ್ತಾರೆ ಅಂತ. ದಾಕ್ಷಾಯಣಮ್ಮ ಗಂಡ ಹೋದ ಮೇಲೆ ಹತ್ತು ವರ್ಷ ಮಠ ಬಿಟ್ಟರೆ ಮನೆ, ಮನೆ ಬಿಟ್ಟರೆ ಮಠ ಅಂತಿದ್ದವಳು. “ಎಪ್ಪತ್ತನಾಲ್ಕಕ್ಕೆ ನನಗೆಂಥಾ ದೋಣಿ ಬಿಡ್ರೋ,” ಎಂದಿದ್ದಳು. ಬಲವಂತ ಮಾಡಿದವನು ಮುರುಗೇಶ. ಅಮ್ಮ ಒಂದು ದಿನ ಖುಷಿಯಾಗಿರಲಿ ಅಂತಲೇ ಮಾಡಿದ. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಅವಳು ಖುಷಿಯಾಗಿಯೂ ಇದ್ದಳು, ಅದೇ ಈಗ ಹೊಟ್ಟೆ ಉರಿಸುವ ಸಂಗತಿ. ತೆಪ್ಪದ ಬೈರಯ್ಯ, ಗಡಿಯ ಕಡೆಯವನು, ಅರ್ಧ ತಮಿಳು ಅರ್ಧ ಕನ್ನಡದವನು, ತೂಕ ನೋಡಿ ಎದುರುಬದುರು ಕೂರಿಸಿದ. “ಅಜ್ಜಿ, ನೀವು ನನ್ ಪಕ್ಕ. ಸಾರು ಆ ಕಡೆ. ಅಮ್ಮಾವ್ರು ಸ್ವಲ್ಪ ಜಾಸ್ತಿ ವೆಯ್ಟು, ನಡುವೆ ಬನ್ನಿ,” ಅಂದಾಗ ಮುರುಗೇಶನ ಹೆಂಡತಿ ಶೈಲಜಾ ಮುಖ ಊದಿಸಿದಳು, ದಾಕ್ಷಾಯಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಜಲಪಾತದ ಗದ್ದಲ ದಾಟಿ ತೆಪ್ಪ ಕಣಿವೆಯೊಳಕ್ಕೆ ಹೊಕ್ಕಿತು. ಎರಡೂ ಕಡೆ ನಾಲ್ಕಾಳೆತ್ತರ, ಹತ್ತಾಳೆತ್ತರ ಕಲ್ಲಿನ ಗೋಡೆ. ಮೇಲೆ ಒಂದು ಪಟ್ಟಿಯಷ್ಟೇ ಆಕಾಶ. ಕೆಳಗೆ ಮೆಟ್ಟೂರಿನಲ್ಲಿ ಕಟ್ಟೆ ಕಟ್ಟಿರುವುದರಿಂದ ಇಲ್ಲಿ ಹೊಳೆ ಹರಿಯುವುದನ್ನೇ ಬಿಟ್ಟು ಕೆರೆಯ ಹಾಗೆ ನಿಂತಿತ್ತು, ಹಸಿರಾಗಿ, ಒಂದು ಸುಕ್ಕೂ ಇಲ್ಲದೆ. ಇನ್ನೊಂದು ತೆಪ್ಪದಲ್ಲಿ ಬಿಸ್ಕತ್ತು, ಸೋಡಾ, ಹುರಿದ ಮೀನು ಮಾರುವವನು ಹತ್ತಿರ ಬಂದಾಗ ಶೈಲಜಾ ಮೂಗು ಮುಚ್ಚಿಕೊಂಡು, “ಶಿವ ಶಿವಾ, ದೂರ ಹೋಗಪ್ಪಾ,” ಎಂದು ಕೈಯಾಡಿಸಿದಳು. ಬೈರಯ್ಯ ತೆಪ್ಪವನ್ನು ಬುಗುರಿಯಂತೆ ಗಿರಗಿರ ತಿರುಗಿಸಿದ. ದಾಕ್ಷಾಯಣಮ್ಮ, “ಅಯ್ಯಯ್ಯೋ, ಸಾಕು ಕಣೋ, ಕೊಲ್ತೀಯಾ ನನ್ನ!” ಎಂದು ಕಿರುಚಿ ನಕ್ಕಳು. ಅಮ್ಮ ಹಾಗೆ ನಕ್ಕದ್ದನ್ನು ಮುರುಗೇಶ ಹತ್ತು ವರ್ಷದಲ್ಲಿ ನೋಡಿರಲಿಲ್ಲ.

ತೆಪ್ಪ ನಿಂತಿತು. “ಇಲ್ಲಿ ಎಷ್ಟು ಆಳ?” ಎಂದು ಮಾನ್ಯ ಕೇಳಿದಳು.

“ನೂರಿಪ್ಪತ್ತು ಅಡಿ ಇರುತ್ತೆ, ಪಾಪು.”

ದಾಕ್ಷಾಯಣಮ್ಮ ಒಂದು ಬೊಗಸೆ ನೀರು ಕಣ್ಣಿಗೆ ಹಚ್ಚಿಕೊಳ್ಳೋಣವೆಂದು ಬಗ್ಗಿದಳು. ಕರಡಿಗೆ ಸೆರಗಿನಿಂದ ಹೊರಬಂದು ಒಂದು ಕ್ಷಣ ನೀರಿನ ಮೇಲೆ ತೂಗಿತು. ಆಮೇಲೆ ತೂಗಲಿಲ್ಲ. ಬುಳಕ್ ಎಂದು ಸಣ್ಣ ಶಬ್ದ. ಹಸಿರು ನೀರಿನಲ್ಲಿ ಬೆಳ್ಳಿ ಬೆಳ್ಳಗೆ ಇಳಿಯುತ್ತಾ ಹೋದದ್ದು ಎಲ್ಲರಿಗೂ ಕಂಡಿತು. ತುಂಬಾ ಹೊತ್ತು ಕಂಡಿತು. ಅವಳು ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಚಾಚಿ ಹಾಗೆಯೇ ಇದ್ದಳು.

ಎಂಟನೇ ವರ್ಷಕ್ಕೆ ತಿಪಟೂರಿನಲ್ಲಿ ದೀಕ್ಷೆ ಕೊಟ್ಟು ಕಟ್ಟಿದ ಲಿಂಗ ಅದು. ಮದುವೆಯಲ್ಲಿ, ಬಾಣಂತನದಲ್ಲಿ, ಗಂಡನ ಹೆಣದ ಮುಂದೆ, ಅರವತ್ತಾರು ವರ್ಷ ಅವಳ ಎದೆಯ ಮೇಲಿದ್ದದ್ದು. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವಳು ಒಂದು ಹನಿ ನೀರು ಕುಡಿದವಳಲ್ಲ.

“ದಾರ ಹರಿದ್ಹೋಯ್ತೇನೋ, ಮುರುಗಾ?” ಎಂದಳು, ತಿರುಗದೆಯೇ.

ದಾರ ಅವಳ ಭುಜದ ಮೇಲೆ ನೇತಾಡುತ್ತಿತ್ತು. ಮುರುಗೇಶ ಕೈಗೆ ತೆಗೆದುಕೊಂಡ. ಹರಿದಿರಲಿಲ್ಲ. ಎರಡು ತುದಿಯೂ ನಿನ್ನೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆಯೇ ನೀಟಾಗಿದ್ದವು.

“ಹೂಂ ಕಣಮ್ಮ, ಹರಿದಿದೆ,” ಎಂದು ಜೇಬಿಗೆ ಹಾಕಿಕೊಂಡ.

ವಾಪಸ್ಸು ಬರುವಾಗ ಶೈಲಜಾ ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ದಾಕ್ಷಾಯಣಮ್ಮ ಬೇಡವೆಂದು ತಲೆಯಾಡಿಸಿದಳು. ಮನೆಯಲ್ಲಿ ನೀರು ಕೊಟ್ಟರು, ಬೇಡ. ಮಾನ್ಯ ಕಾಲಿನ ಹತ್ತಿರ ಕೂತು, “ಅಜ್ಜಿ, ನಾನೇ ಹೋಗೋಣ ಅಂದಿದ್ದು, ಸಾರಿ ಅಜ್ಜಿ,” ಎಂದು ಅತ್ತಳು. “ನಿಂದೇನು ತಪ್ಪು ಪುಟ್ಟಾ, ಬಗ್ಗಿದೋಳು ನಾನು,” ಎಂದು ಮೊಮ್ಮಗಳ ತಲೆ ಸವರಿದಳು. ಬಾಗಿಲಲ್ಲಿ ನಿಂತಿದ್ದ ಮುರುಗೇಶನ ಕೈ ಜೇಬಿನೊಳಗಿನ ದಾರದ ಮೇಲಿತ್ತು.

ಮಾರನೇ ದಿನ ಮಠದ ಅಯ್ಯನವರನ್ನು ಕರೆಸಿದರು. ಒಳ್ಳೆಯ ಮನುಷ್ಯ. “ತಾಯಿ, ಹೋದರೆ ಬೇರೆ ಕಟ್ಟೋದುಂಟು. ಇವತ್ತೇ ಕಟ್ತೀನಿ. ಶಿವ ಏನು ನಿಮ್ಮ ಮೇಲೆ ಸಿಟ್ಟು ಮಾಡ್ಕೋತಾನಾ?” ಎಂದರು.

“ಆಗ್ಲಿ ಅಯ್ಯನೋರೇ. ಆದ್ರೆ ಮೊದ್ಲು ಹುಡುಕ್ಸಲಿ. ಮಗು ಕಳೆದ್ರೆ ಹುಡುಕ್ದೇನೇ ಇನ್ನೊಂದನ್ನ ಮಡಿಲಿಗೆ ಹಾಕ್ಕೊಳ್ತಾರಾ?” ಎಂದಳು.

ಮಂಗಳವಾರ ಮುರುಗೇಶ ಒಬ್ಬನೇ ಬಸ್ಸು ಹಿಡಿದು ಹೋದ. ಬೈರಯ್ಯ ಮುಳುಗುವವರಿಬ್ಬರನ್ನು ಕರೆತಂದ. ಅವರು ಏಳೆಂಟು ಸಲ ಮುಳುಗಿದರು, ಒಮ್ಮೆ ಒಂದು ಹೆಂಗಸಿನ ಚಪ್ಪಲಿ ತಂದರು. “ಸಾರ್, ಸುಳ್ಳು ಹೇಳಲ್ಲ. ಇವ್ರು ಮೂವತ್ತಡಿ ಹೋಗ್ಬೋದು. ತಳ ಕಂಡೋರು ಇಲ್ಲಿ ಯಾರೂ ಇಲ್ಲ,” ಎಂದ ಬೈರಯ್ಯ. ಮುರುಗೇಶ ಬಂಡೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ತೆಪ್ಪದಲ್ಲಿ ಹೋಗುತ್ತಿದ್ದ ಯಾರೋ ಕಾಲೇಜು ಹುಡುಗಿಯರು ಅವನನ್ನು ನೋಡಿ ನಗು ನಿಲ್ಲಿಸಿದರು.

ಬುಧವಾರ ಬೆಳಿಗ್ಗೆ ಅವನು ಮಾಡಿದ್ದು ತಪ್ಪೋ ಸರಿಯೋ, ಹೇಳುವುದು ಕಷ್ಟ. ಮೂರು ದಿನದಿಂದ ನೀರಿಲ್ಲದ ಅಮ್ಮನ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಅವನು ಬಳೇಪೇಟೆಗೆ ಹೋಗಿ ಒಂದು ಲಿಂಗ, ಹಳೇ ಬೆಳ್ಳಿಯ ಒಂದು ಕರಡಿಗೆ ತಂದ. ತನ್ನ ಅಂಗಡಿಯ ಹಿಂದೆ ಕೂತು ಕರಡಿಗೆಯನ್ನು ಮರಳಿನಲ್ಲಿ ಉಜ್ಜಿದ, ಹಳೇದಾಗಿ ಕಾಣಲೆಂದು ಲಿಂಗಕ್ಕೆ ವಿಭೂತಿ ಹಚ್ಚಿ ಹಚ್ಚಿ ಒರೆಸಿದ. ಮನೆಗೆ ಬಂದವನೇ, “ಅಮ್ಮಾ, ಸಿಕ್ತು! ಮುಳುಗೋರು ತಂದ್ಕೊಟ್ರು!” ಎಂದ. ಶೈಲಜಾ ಅಡುಗೆಮನೆಯಿಂದ ಓಡಿ ಬಂದಳು.

ದಾಕ್ಷಾಯಣಮ್ಮನನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದರು. ಅವಳು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹೆಬ್ಬೆರಳಿನಿಂದ ಒಮ್ಮೆ ಸುತ್ತ ಸವರಿದಳು. ಶೈಲಜಾ ಆಗಲೇ ಲೋಟಕ್ಕೆ ಹಾಲು ಬಗ್ಗಿಸಿದ್ದಳು.

“ಇದು ನಂದಲ್ಲ ಕಣೋ,” ಎಂದಳು.

“ನೀರಲ್ಲಿ ಇತ್ತಲ್ವಾಮ್ಮ, ಅದಕ್ಕೇ…”

“ಇಲ್ಲಪ್ಪ. ಯಾರದೋ. ಅಯ್ಯೋ ಪಾಪ, ಅವರದೂ ಅಲ್ಲೇ ಬಿದ್ದಿದೆ ನೋಡು.” ಅವಳು ಅದನ್ನು ಜೋಪಾನವಾಗಿ ಕರಡಿಗೆಯಲ್ಲಿಟ್ಟು ಮುಚ್ಚಿ ಅವನ ಕೈಗೆ ಕೊಟ್ಟಳು. “ಯಾರೋ ನನ್ ಹಾಗೇ ಉಪವಾಸ ಕೂತಿರ್ತಾರೆ. ಮನೇಲಿಟ್ಕೋಬಾರ್ದು ಅದನ್ನ. ಹೋಗಿ ಕೊಟ್ಬಿಡು, ಮುರುಗಾ. ಬೇಗ ಹೋಗು.”

ಶೈಲಜಾ ಗಂಡನ ಮುಖವನ್ನೇ ನೋಡಿದಳು, ಅವಳಿಗೆ ಅರ್ಥವಾಯಿತು, ಹಾಲಿನ ಲೋಟ ಒಳಗೆ ತೆಗೆದುಕೊಂಡು ಹೋದಳು.

ಅಂದು ಸಂಜೆಯೇ ಪ್ರಜ್ಞೆ ತಪ್ಪಿತೆಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಕೈಗೆ ಗ್ಲೂಕೋಸ್ ಹಚ್ಚಿದರು. ಶುಕ್ರವಾರ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, “ಕೊಟ್ಟು ಬಂದ್ಯಾ?” ಅಂತ.

ಕರಡಿಗೆ ಅವನ ಜೇಬಿನಲ್ಲಿಯೇ ಇತ್ತು. “ಕೊಟ್ಟೆನಮ್ಮ,” ಎಂದ.

“ಯಾರಂತೆ?”

“ಕೊಳ್ಳೇಗಾಲದ ಕಡೆಯೋರು. ಒಬ್ಬ ಹೆಂಗಸು. ವಯಸ್ಸಾಗಿದೆ.”

“ಊಟ ಮಾಡಿದ್ಲಾ?”

“ಮಾಡಿದ್ಲಮ್ಮ. ನನ್ನ ಎದುರಿಗೇ ಮಾಡಿದ್ಲು.”

“ಸದ್ಯ,” ಎಂದಳು ದಾಕ್ಷಾಯಣಮ್ಮ. ಮುಖದಲ್ಲಿ ನಿಜವಾದ ಸಮಾಧಾನ ಕಂಡಿತು. ಅದನ್ನು ಅವನಿಂದ ನೋಡಲಾಗಲಿಲ್ಲ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು.

“ಅಮ್ಮಾ, ಆ ದಾರ… ಅದು ಹರಿದಿರ್ಲಿಲ್ಲ. ಗಂಟು…”

“ಗಂಟಿನ ಮಾತು ಬಿಡು,” ಎಂದು ಅವಳು ಸೂಜಿ ಚುಚ್ಚಿದ ಕೈಯನ್ನೇ ಎತ್ತಿದಳು. “ನೀನು ಹಾಕಿದ ಗಂಟು ಬಿಚ್ಚುತ್ತಾ? ಇಡೀ ಪೇಟೇಲಿ ದಾರದ ವಿಷಯ ನಿನ್ನನ್ನ ಬಿಟ್ರೆ ಇನ್ಯಾರಿಗೆ ಗೊತ್ತು ಅಂತ ನಿಮ್ಮಪ್ಪ ಹೇಳ್ತಿದ್ರು. ನಂದೇ ತಪ್ಪು. ಹುಡುಗಾಟ ಆಡೋ ವಯಸ್ಸಾ ನಂದು? ಬಗ್ಗಬಾರ್ದಿತ್ತು.” ಆಮೇಲೆ, “ಇನ್ನೊಂದ್ಸಲ ಹುಡುಕ್ಸು,” ಎಂದು ಕಣ್ಣು ಮುಚ್ಚಿದಳು.

ಹುಡುಕಿಸುತ್ತೇನೆ ಎಂದ. ಸೋಮವಾರ ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬರುವ ಮುಂಚೆಯೇ ಅವಳು ಹೋದಳು. ಎಂಟು ದಿನ ಅವಳ ಬಾಯಿಗೆ ಒಂದು ಹನಿ ನೀರು ಹೋಗಿರಲಿಲ್ಲ.

ಮಧ್ಯಾಹ್ನ ಮಾಗಡಿ ರಸ್ತೆಯ ರುದ್ರಭೂಮಿಯಲ್ಲಿ ಗುಣಿ ತೋಡಿದರು. ಕೂರಿಸಿ ಮಣ್ಣು ಮಾಡುವುದು ಅವರ ಪದ್ಧತಿ, ಹೋದವರ ಎಡ ಅಂಗೈಯಲ್ಲಿ ಅವರ ಲಿಂಗ ಇರಬೇಕು. ಅಯ್ಯನವರು ಕೈಚಾಚಿ, “ಬೇರೆ ತಂದಿದೀಯಾ, ಮುರುಗೇಶಪ್ಪ?” ಎಂದು ಮೆಲ್ಲಗೆ ಕೇಳಿದರು. ಮುರುಗೇಶ ಜೇಬಿನಿಂದ ಕರಡಿಗೆ ತೆಗೆದು ಕೊಟ್ಟ. ಅವಳು ಬೇಡವೆಂದು ಹಿಂದಿರುಗಿಸಿದ್ದು, ಕೊಳ್ಳೇಗಾಲದ ಕಡೆಯ ಹೆಂಗಸಿನದು. ಅಯ್ಯನವರು ಮಂತ್ರ ಹೇಳಿ ಲಿಂಗವನ್ನು ಅಂಗೈಯಲ್ಲಿಟ್ಟರು. ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ಮಡಿಸಿದರೂ ಮತ್ತೆ ಮತ್ತೆ ಬಿಚ್ಚಿಕೊಂಡವು.

“ಒಂದು ದಾರ ಇದ್ರೆ ಕೊಡ್ರಪ್ಪ, ಕಟ್ಟೋಣ,” ಎಂದರು.

ಎಲ್ಲರೂ ಮುರುಗೇಶನ ಕಡೆ ನೋಡಿದರು. ಅವನು ಕೈಹಾಕಿದ ಜೇಬಿನಲ್ಲಿ ಇದ್ದದ್ದು ಒಂದೇ, ಆ ಬಿಳೀ ನೈಲಾನ್ ತುಂಡು. ತೆಗೆದ. ಗುಣಿಗೆ ಇಳಿದು ಅಮ್ಮನ ಎದುರು ಮೊಣಕಾಲೂರಿದ. ಬೆರಳುಗಳನ್ನು ಒಂದೊಂದಾಗಿ ಲಿಂಗದ ಮೇಲೆ ಮಡಿಸಿ, ಮುಷ್ಟಿಗೆ ಮೂರು ಸುತ್ತು ಸುತ್ತಿ, ಎರಡು ಗಂಟು ಬಿಗಿದ.

“ಸಾಕು, ಮೇಲೆ ಬಾ,” ಎಂದರು ಅಯ್ಯನವರು.

“ಬೆಂಕಿಪೊಟ್ಟಣ ಕೊಡಿ.”

“ಯಾಕಪ್ಪಾ ಈಗ?”

“ಸುಡದಿದ್ರೆ ಬಿಚ್ಕೊಳ್ಳುತ್ತೆ,” ಎಂದ ಮುರುಗೇಶ.

ಯಾರೋ ಮೇಲಿನಿಂದ ಎಸೆದರು. ಗಾಳಿಗೆ ಎರಡು ಕಡ್ಡಿ ಆರಿಹೋದವು. ಮೂರನೆಯದನ್ನು ಅಂಗೈ ಮರೆಯಲ್ಲಿ ಗೀರಿ ದಾರದ ತುದಿಗೆ ಹಿಡಿದ. ಅಮ್ಮನ ಕೈಗೆ ಬಿಸಿ ತಾಗದಿರಲೆಂದು ಗಂಟಿನ ಕೆಳಗೆ ತನ್ನ ಬೆರಳನ್ನು ಇಟ್ಟುಕೊಂಡಿದ್ದ. ತುದಿ ಕರಗಿ, ಕಪ್ಪಾಗಿ, ಕಾಳಿನಷ್ಟು ಉಂಡೆಯಾಗುವವರೆಗೂ ಬೆರಳನ್ನು ತೆಗೆಯಲಿಲ್ಲ.