ಅತ್ತೆಯ ಮಡಿಲಲ್ಲಿ ಬಸ್ಸು

ನಮ್ಮನೆಯವರಿಗೆ ಐವತ್ತು ದಾಟಿದೆ. ಈ ವಯಸ್ಸಿಗೆ ಸೋಮನಹಳ್ಳಿಯ ಬೇರೆ ಗಂಡಸರು ಇಸ್ಪೀಟು, ರಾಜಕೀಯ, ಸೊಂಟನೋವು ಅಂತ ತಮಗೊಪ್ಪುವ ದಾರಿ ಹಿಡಿದಿದ್ದಾರೆ. ಶಿವರಾಜು ಮಾತ್ರ ಹಳೇ ರಿಮೋಟು ಬಿಚ್ಚಿಕೊಂಡು ಕೂತಿರುತ್ತಾರೆ. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕರೆಂಟಿನ ಕೆಲಸ. ಅಲ್ಲಿ ದಿನವಿಡೀ ವೈರು ಎಳೆದದ್ದು ಸಾಲದು ಅಂತ ಮನೆಗೆ ಬಂದು ಮತ್ತೆ ವೈರು. ಹುಲ್ಲು ತುಂಬುತ್ತಿದ್ದ ಕೋಣೆ ಈಗ ಅವರ ಲ್ಯಾಬು. ಅದರೊಳಗೆ ಏನೇನಿದೆ ಅಂತ ನನ್ನನ್ನು ಕೇಳಬೇಡಿ, ನಾನು ಕಸಬರಿಕೆ ಹಿಡಿದು ಬಾಗಿಲವರೆಗೆ ಹೋಗಿ ವಾಪಸ್ ಬರುವವಳು.

ಗೇಟಿನ ಹತ್ತಿರ ಯಾರಾದರೂ ಬಂದರೆ ತಾನಾಗಿ ಹೊತ್ತಿಕೊಳ್ಳುವ ದೀಪ ಹಾಕಿದ್ದಾರೆ. ನಮ್ಮ ಕೋಳಿಗಳು ಬಂದರೂ ಹೊತ್ತಿಕೊಳ್ಳುತ್ತದೆ. ಗೀಸರನ್ನು ಫೋನಿಗೆ ಜೋಡಿಸಿದ್ದಾರೆ, ನೆಟ್‌ವರ್ಕ್ ಇಲ್ಲದ ದಿನ ಮನೆಮಂದಿಗೆಲ್ಲ ತಣ್ಣೀರ ಸ್ನಾನ. ಮಳವಳ್ಳಿಯಲ್ಲಿರುವ ನನ್ನ ನಾದಿನಿಯ ಟಿವಿ ಕೆಟ್ಟರೆ ಇಲ್ಲಿಂದಲೇ ವಿಡಿಯೋ ಕಾಲಿನಲ್ಲಿ ರಿಪೇರಿ. "ಟಿವಿ ಹಿಂದ್ಗಡೆ ತೋರ್ಸವ್ವ" ಅಂತ ಇವರು ಕೂಗುತ್ತಾರೆ, ಅವಳು ಪಾಪ ಸೀಲಿಂಗ್ ಫ್ಯಾನು ತೋರಿಸುತ್ತಿರುತ್ತಾಳೆ. ಭಾನುವಾರ ಬಂದರೆ ಮಂಡ್ಯಕ್ಕೆ ಓಡಿಹೋಗಿ ಯಾವುದೋ ರಿಪೇರಿ ಅಂಗಡಿಯಲ್ಲಿ ಕೂತು, ಒಂದು ಚೀಲ ಗುಜರಿ ತಂದು, ಮಗು ಹುಟ್ಟಿದ ಮನೆಯವರ ಹಾಗೆ ನಗುತ್ತಾ ಬರುತ್ತಾರೆ.

ಇವರಿಗೆ ಸಿಟ್ಟು ಬರುವ ವಿಷಯಗಳೂ ವಿಚಿತ್ರ. ಒಂದೊಂದು ಚಾರ್ಜರಿಗೆ ಒಂದೊಂದು ಥರದ ಮೂತಿ ಯಾಕಿರಬೇಕು ಅಂತ ಊಟದ ಮುಂದೆ ಕೂತು ಜಗಳ ಆಡುತ್ತಾರೆ. ಬೆಳಗಾಗೆದ್ದು ಗುಲಾಬಿ ಹೂವಿನ ಶುಭೋದಯ ಕಳಿಸುವವರನ್ನು ಕಂಡರೆ ಆಗುವುದಿಲ್ಲ. ಎಲ್ಲಕ್ಕಿಂತ ಸಿಟ್ಟು, ಇವರು ಮಧ್ಯಾಹ್ನವೆಲ್ಲ ಒದ್ದಾಡಿದ ಯಂತ್ರವನ್ನು ನಾನು ಬಂದು ಒಮ್ಮೆ ಆಫ್ ಮಾಡಿ ಆನ್ ಮಾಡಿದಾಗ ಅದು ಸರಿಹೋದರೆ. ಅವತ್ತು ನನ್ನ ಜೊತೆ ಮಾತಿಲ್ಲ.

ಇಷ್ಟೆಲ್ಲ ಹೇಳಿದ್ದು ಬೈಯುವುದಕ್ಕಲ್ಲ. ಕುಡಿತವಿಲ್ಲ, ಹರಟೆಕಟ್ಟೆಯಿಲ್ಲ, ಮನೆಯಲ್ಲೇ ಇರುತ್ತಾರೆ. ನನಗೆ ಈ ಮನುಷ್ಯ ಇಷ್ಟ. ಆದರೆ ಒಂದು ಯಂತ್ರ ಕೈಗೆ ಸಿಕ್ಕರೆ ಎದುರಿಗಿರುವ ಮನುಷ್ಯರು ಇವರ ಕಣ್ಣಿಗೆ ಬೀಳುವುದಿಲ್ಲ. ಆ ಕ್ಯಾಮರಾ ವಿಷಯದಲ್ಲಿ ಆದದ್ದೂ ಅದೇ.

ನಮ್ಮ ಮನೆ ತೆಂಗಿನ ತೋಟಕ್ಕೆ ಅಂಟಿಕೊಂಡಿದೆ. ತೋಟದಾಚೆಯ ಮನೆಗಳ ಹೆಂಗಸರು ಗೆಜ್ಜಲಗೆರೆಯ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವಾಗ ನಮ್ಮ ತೋಟದ ನಡುವೆ ಹಾದು, ನಮ್ಮ ಜಗಲಿಯ ಮುಂದೆಯೇ ಬಸ್‌ಸ್ಟಾಪಿಗೆ ಹೋಗುತ್ತಿದ್ದರು. ಅದು ಯಾವ ಕಾಲದಿಂದಲೋ ಇದ್ದ ದಾರಿ. ಜಗಲಿಯ ಮೇಲೆ ನನ್ನ ಅತ್ತೆ ಸಣ್ಣತಾಯಮ್ಮ ನಸುಕಿಗೇ ಬಂದು ಕೂತಿರುತ್ತಿದ್ದರು. ಮಂಡಿ ಹಿಡಿದುಕೊಂಡು ಅವರಿಗೆ ಮನೆ ಬಿಟ್ಟು ಹೋಗುವುದು ನಿಂತು ಎಷ್ಟೋ ಕಾಲವಾಗಿದೆ. ಹಿತ್ತಲಿನ ಕನಕಾಂಬರ ಕಟ್ಟಿ ಇಟ್ಟುಕೊಂಡಿರುತ್ತಿದ್ದರು, ಬಂದವರಿಗೆಲ್ಲ ಒಂದೊಂದು ತುಂಡು. ಮಂಗಳಮ್ಮ ನಮ್ಮ ನಲ್ಲಿಯಲ್ಲಿ ಬಾಟಲಿ ತುಂಬಿಕೊಳ್ಳುತ್ತಾ ಯಾರ ಮನೆಯಲ್ಲಿ ಯಾರಿಗೆ ಜಗಳವಾಯಿತು ಅಂತ ಹೇಳುತ್ತಿದ್ದಳು. ಚಂದನ, ರಂಜಿತ ಇಬ್ಬರು ಹುಡುಗಿಯರು ಬೆನ್ನು ತಿರುಗಿಸಿ ನಿಂತು ಅತ್ತೆಯ ಕೈಲೇ ಹೂ ಮುಡಿಸಿಕೊಳ್ಳುತ್ತಿದ್ದರು. ನಮ್ಮ ಅತ್ತೆಗೆ ಇಡೀ ಊರೆಂದರೆ ಆ ಒಂದಿಷ್ಟು ಹೊತ್ತು, ಮಿಕ್ಕ ದಿನವೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದರು.

ಒಂದು ದಿನ ತೋಟದಲ್ಲಿ ಎಳನೀರಿನ ಗೊನೆಯೊಂದು ಕಾಣೆಯಾಯಿತು. ಬೇರೆಯವರಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು. ನಮ್ಮನೆಯವರ ಮುಖದಲ್ಲಿ ಹಬ್ಬದ ಕಳೆ ಬಂತು. ಆ ವಾರವೇ ತೆಂಗಿನ ಮರಕ್ಕೆ ಕ್ಯಾಮರಾ ಏರಿತು. ಬಿಸಿಲಿನಿಂದಲೇ ಚಾರ್ಜ್ ಆಗುತ್ತದಂತೆ, ಸಿಮ್ ಇದೆಯಂತೆ, ಮನುಷ್ಯರು ಬಂದರೆ ಇವರ ಫೋನಿಗೆ ಸುದ್ದಿ ಹೋಗುತ್ತದಂತೆ, ಇವರು ಕಾರ್ಖಾನೆಯಲ್ಲಿ ನಿಂತು ಮಾತಾಡಿದರೆ ಮರದಿಂದ ದನಿ ಬರುತ್ತದಂತೆ. ಕಳ್ಳ ಸಿಗಲಿಲ್ಲ. ಪಕ್ಕದ ತೋಟದ ಮರಿಸಿದ್ದಯ್ಯನ ಎಮ್ಮೆ ಸಿಕ್ಕಿತು, ಎರಡು ಮುಂಗುಸಿ ಸಿಕ್ಕವು, ಸೋಗೆ ಎಳೆದುಕೊಂಡು ಬರುತ್ತಿದ್ದ ನಾನು ಸಿಕ್ಕೆ.

ಆಮೇಲೊಂದು ಬೆಳಿಗ್ಗೆ ಚಂದನ ಸಿಕ್ಕಳು. ಪಾಪದ ಹುಡುಗಿ, ಬಸ್ಸು ತಪ್ಪುತ್ತದೆ ಅಂತ ಒಂದು ಚಪ್ಪಲಿ ಕೈಯಲ್ಲಿ, ಬಾಯಲ್ಲಿ ಅರ್ಧ ದೋಸೆ, ಹೆಗಲಿನಿಂದ ಜಾರಿದ ವೇಲು ನೆಲದ ಮೇಲೆ ಎಳೆಯುತ್ತಾ ಓಡುತ್ತಿದ್ದಳು. ನಮ್ಮನೆಯವರು ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ, "ಕ್ಲಾರಿಟಿ ನೋಡಿ, ಚಪ್ಪಲಿಯ ಬಕಲ್ ಕೂಡ ಕಾಣುತ್ತೆ" ಅಂತ ಬರೆದರು. ಇವರು ನೋಡಿದ್ದು ಬಕಲ್. ಊರು ನೋಡಿದ್ದು ಚಂದನಳನ್ನು. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಮಾರನೆಯ ದಿನದಿಂದ ತೋಟದ ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹೆಂಗಸರೆಲ್ಲ ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಹೋಗತೊಡಗಿದರು. ನಮ್ಮ ಕಡೆಯ ಜನಕ್ಕೆ ಸಿಟ್ಟು ಬಂದರೆ ಮುಖಕ್ಕೆ ಹೊಡೆದ ಹಾಗೆ ಬೈಯುತ್ತಾರೆ, ಸಂಜೆಗೆ ಅದು ಮುಗಿದೂ ಹೋಗುತ್ತದೆ. ಬೈಯದೆ ಬೇರೆ ದಾರಿ ಹಿಡಿದರೆ ನಿಜವಾಗಿ ನೊಂದಿದ್ದಾರೆ ಅಂತಲೇ ಅರ್ಥ. ನಾನು ಇದನ್ನು ಹೇಳಿದರೆ ನಮ್ಮನೆಯವರು ಫೋನು ಮುಂದೆ ಹಿಡಿದು, "ನೋಡು ವೀಣ, ಒಂದ್ ಅಲರ್ಟೂ ಇಲ್ಲ. ಕಳ್ರು ಎದ್ರುಬುಟ್ಟವ್ರೆ" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅತ್ತೆ ಎಂದಿನಂತೆ ಹೂ ಕಟ್ಟಿದರು, ಎಂದಿನಂತೆ ಜಗಲಿಯಲ್ಲಿ ಕೂತರು. ಮಧ್ಯಾಹ್ನಕ್ಕೆ ಬಾಡಿದ ಹೂವನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಎರಡು ವಾರ ಕಳೆಯುವಷ್ಟರಲ್ಲಿ ಊಟ ಅರ್ಧಕ್ಕರ್ಧ ಇಳಿಯಿತು. "ಉಪ್ಪು ಕಮ್ಮಿಯಾ ಅತ್ತೆ?" ಅಂದರೆ "ಎಲ್ಲ ಸರ್ಯಾಗದೆ ಬುಡು" ಅನ್ನುತ್ತಿದ್ದರು. ಉಪ್ಪು ಕಮ್ಮಿ ಅಂತ ದಿನಾ ಜಗಳ ತೆಗೆಯುತ್ತಿದ್ದವರು ಹಾಗೆ ಅಂದದ್ದೇ ನನ್ನ ಎದೆಗೆ ನಾಟಿತು.

ಒಂದು ಬೆಳಿಗ್ಗೆ ನಾನು ಒಲೆ ಮುಂದಿದ್ದೆ. ನಮ್ಮನೆಯವರು ಮೊದಲನೆ ಶಿಫ್ಟಿಗೆ ಹೋಗಿಯಾಗಿತ್ತು. ಇದ್ದಕ್ಕಿದ್ದಂತೆ ತೋಟದಿಂದ ಅವರ ದನಿ ಕೇಳಿತು. "ಅವ್ವೋ! ಎಲ್ಗವ್ವಾ ಓಯ್ತಿದ್ದೀಯೆ? ವಾಪಸ್ ಓಗು!"

ಓಡಿಹೋಗಿ ನೋಡಿದರೆ ತೆಂಗಿನ ಮರ ಕೂಗುತ್ತಿದೆ, ಅತ್ತೆ ಅದರ ಕೆಳಗೆ ನಿಂತು ಕೋಲೆತ್ತಿ ಮರಕ್ಕೆ ಬೈಯುತ್ತಿದ್ದಾರೆ. "ಯಾರ್ಲಾ ಅವ್ನು ನಂಗೆ ಏಳೋನು? ಏರಿ ಮ್ಯಾಕ್ ಓಯ್ತೀನಿ. ಅವ್ರು ಇಲ್ಲಿಗ್ ಬರ್ದೆವೋದ್ರೆ ನಾನೇ ಅಲ್ಲಿಗ್ ಓಯ್ತೀನಿ. ನಿನ್ ಕಣ್ಣು ನೀನೇ ಮಡಿಕೋ!"

ಅವರ ಸೆರಗಿನಲ್ಲಿ ಕನಕಾಂಬರ ಇತ್ತು. ಆ ಮಂಡಿ ಇಟ್ಟುಕೊಂಡು ಕೆರೆ ಏರಿ ಹತ್ತಲು ಹೊರಟಿದ್ದರು. ನಾನು ಅವರನ್ನು ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂರಿಸಿದೆ. ಮುದುಕಿ ಮಗುವಿನ ಹಾಗೆ ಅತ್ತರು, ಅವರ ಜೊತೆ ನಾನೂ ಅತ್ತುಬಿಟ್ಟೆ. ಮರ ಮಾತಾಡಲಿಲ್ಲ.

ಅರ್ಧ ದಿನ ರಜೆ ಹಾಕಿ ಬಂದ ಗಂಡನಿಗೆ ನಾನು ಮಂಗಳಾರತಿ ಎತ್ತುವುದಕ್ಕೆ ಸಜ್ಜಾಗಿದ್ದೆ. ಅದರ ಅಗತ್ಯ ಬೀಳಲಿಲ್ಲ. ಬಂದವರೇ ಏಣಿ ಹಾಕಿ ಕ್ಯಾಮರಾ ಬಿಚ್ಚಿದರು. ಫೋನಿನಲ್ಲಿ ಅವ್ವನ ನಡಿಗೆ ನೋಡಿದ್ದೇ ಅವರಿಗೆ ಸಾಕಾಗಿತ್ತು. ಸಂಜೆ ನನ್ನನ್ನೂ ಕರೆದುಕೊಂಡು ಚಂದನಳ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, "ತಪ್ಪಾಯ್ತು ಕಣವ್ವ" ಅಂದರು.

ಚಂದನ ಸುಮ್ಮನೆ ಬಿಡುವ ಹುಡುಗಿಯಲ್ಲ. "ನಾನ್ ಓಡದ್ನ ಊರೆಲ್ಲ ನೋಡ್ತು ಕಣಣ್ಣ. ಯಾಕೋಡ್ತಾಳೆ ಅಂತ ಒಬ್ಬರಾರ ಕೇಳುದ್ರಾ? ಆ ಬಸ್ಸು ಒಂದಿನ ಬಿರ್‍ರನೆ ಬಂದ್ಬುಡ್ತದೆ, ಇನ್ನೊಂದಿನ ಬಿಸ್ಲೇರಿದ್ರೂ ಬರಕಿಲ್ಲ. ತಡ ಆದ್ರೆ ಗೇಟ್ ಆಕ್ತಾರೆ, ಅರ್ಧ ದಿನದ್ ಸಂಬ್ಳ ಓಯ್ತು. ನಿಮ್ ಕ್ಯಾಮ್ರಕ್ಕೆ ಬಕಲ್ ಕಾಣ್ತದೆ, ಬಸ್ಸು ಕಾಣ್ತದಾ?"

ನಾನು ನಮ್ಮನೆಯವರ ಮುಖ ನೋಡಿದೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ, ಆ ಕಣ್ಣಿನ ಹೊಳಪು ನನಗೆ ಗೊತ್ತು. ಬೈಸಿಕೊಂಡದ್ದೂ ಮರೆತುಹೋಗಿತ್ತು.

ನಮಗಿಂತ ಎರಡು ಸ್ಟಾಪು ಹಿಂದೆ ತಿಮ್ಮಯ್ಯನ ಟೀ ಅಂಗಡಿಯಿದೆ. ಆ ಅಂಗಡಿಯ ಸೂರಿಗೆ ಕ್ಯಾಮರಾ ಕಟ್ಟಿದರು, ಮುಖ ರಸ್ತೆಯ ಕಡೆಗೆ. ಮದ್ದೂರಿಗೆ ಹೋಗಿ ಒಂದು ಹಳೇ ಟ್ಯಾಬ್ ತಂದು, ಒಡೆದ ಗಾಜಿಗೆ ಹೊಸ ಗಾಜು ಕೂರಿಸಿ, ಅತ್ತೆಯ ಮಡಿಲಲ್ಲಿಟ್ಟರು. ಅಲ್ಲಿ ಬಸ್ಸು ಕಂಡ ಮೇಲೆ ಎದ್ದು ನಡೆದರೂ ನಮ್ಮ ಸ್ಟಾಪಿನಲ್ಲಿ ಆರಾಮಾಗಿ ಹತ್ತಬಹುದು. ಅತ್ತೆ ಮೊದಲು ಮೂಗು ಮುರಿದರು, "ಈ ಅಲ್ಗೆ ನಂಗ್ಯಾಕ್ಲಾ?" ಅಂದರು. ಮಂಗಳಮ್ಮ, ಚಂದನ, ರಂಜಿತ ಮೂವರೂ ವಾಪಸ್ ತೋಟದ ದಾರಿಗೆ ಬಂದು, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ದಿನ ಅತ್ತೆಯೇ ಆ ಹಲಗೆಗೆ ಕುಂಕುಮ ಇಟ್ಟರು.

ಮೊದಲು ನಿಂತು ಹೋಗುತ್ತಿದ್ದವರು ಈಗ ಕೂತು ಹೋಗುತ್ತಿದ್ದರು. ಬಸ್ಸು ಕಾಣುವವರೆಗೆ ಏಳಬೇಕಾಗಿಲ್ಲವಲ್ಲ. ನಾನು ಟೀ ಕಾಸಿ ಕೊಟ್ಟು ಮತ್ತೆ ಅಡುಗೆಮನೆಗೆ ಓಡುತ್ತಿದ್ದೆ. ಅತ್ತೆ ಕನ್ನಡಕ ಏರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರ ಹಾಗೆ ಟ್ಯಾಬ್ ನೋಡುತ್ತಾ, "ಲಾರಿ... ಕಬ್ಬಿನ್ ಗಾಡಿ... ಇನ್ನೊಂದ್ ಲಾರಿ..." ಅಂತ ವರದಿ ಒಪ್ಪಿಸುತ್ತಿದ್ದರು. "ಬಂತು ಕಣ್ರವ್ವ, ಏಳಿ!" ಅಂದರೆ ಮೂವರೂ ಹೂ ಮುಡಿದುಕೊಂಡು ಹೊರಡುತ್ತಿದ್ದರು. ಊಟ ಹಳೇ ಲೆಕ್ಕಕ್ಕೆ ಬಂತು. ಉಪ್ಪಿನ ಜಗಳವೂ ಶುರುವಾಯಿತು, ನನಗೆ ಹಾಯೆನಿಸಿತು.

ಹೀಗೇ ನಡೆಯುತ್ತಿದ್ದಾಗ ಕಳೆದ ವಾರ ಒಂದು ಎಡವಟ್ಟಾಯಿತು. ನಮ್ಮನೆಯವರಿಗೆ ಎರಡನೆ ಶಿಫ್ಟು, ಮನೆಯಲ್ಲೇ ಇದ್ದರು. ಹಿಂದಿನ ಸಂಜೆ ಚಂದನಳನ್ನು ನೋಡಲು ಹಲಗೂರಿನ ಕಡೆಯಿಂದ ಗಂಡಿನವರು ಬಂದುಹೋಗಿದ್ದರು. ಮಂಗಳಮ್ಮ ಅದನ್ನು ರಸವತ್ತಾಗಿ ಹೇಳುತ್ತಿದ್ದಳು. ಗಂಡಿನ ತಾಯಿ ಕಾಫಿ ಲೋಟ ಕೆಳಗಿಟ್ಟು, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಗಂಟಲು ಸರಿಮಾಡಿಕೊಂಡರಂತೆ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿತು. ಮೂವರೂ ಎದ್ದುಬಿದ್ದು ಓಡಿದರು. ಬಸ್ಸು ಹೋಗಿಬಿಟ್ಟಿತ್ತು.

ನಮ್ಮನೆಯವರು ಕೋಣೆಯಿಂದ ಹಾರಿ ಬಂದರು. ಹುಡುಗಿಯರ ಅರ್ಧ ದಿನ ಹೋಗುವ ಚಿಂತೆಗಿಂತ ಮೊದಲು ತಮ್ಮ ಯಂತ್ರ ಕೈಕೊಟ್ಟಿತಾ ಅನ್ನುವ ಚಿಂತೆ. "ಎಲ್ಲವ್ವಾ ಟ್ಯಾಬು?" ಅಂದರು. ಟ್ಯಾಬ್ ಅತ್ತೆಯ ಮಡಿಲಲ್ಲೇ ಇತ್ತು, ಅದರ ಮೇಲೆ ಎರಡು ಸುತ್ತು ಸೆರಗಿತ್ತು. ನಮ್ಮನೆಯವರು ಅವ್ವನ ಮುಖ ನೋಡಿದರು, ಸೆರಗು ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಓಮ್ನಿ ತೆಗೀತೀನಿ, ನೀನೂ ಬಾ" ಅಂತ ನನಗೆ ಹೇಳಿ ಹೊರಟರು. ನಮ್ಮ ಹಳೇ ಓಮ್ನಿ ವ್ಯಾನಿನ ಹಿಂದಿನ ಬಾಗಿಲಿಗೆ ಇವರೇ ಕೂರಿಸಿದ ಬೀಗ ಆಗಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ, ಯಾರಾದರೂ ಹಿಡಿದುಕೊಳ್ಳಬೇಕು.

ಸ್ಟಾಪಿನಲ್ಲಿ ನಿಂತಿದ್ದ ಮೂವರನ್ನೂ ಹತ್ತಿಸಿಕೊಂಡು ಗೆಜ್ಜಲಗೆರೆಯ ದಾರಿ ಹಿಡಿದಾಗಿನಿಂದ ನಮ್ಮನೆಯವರು ಒಂದೇ ಸಮನೆ, "ತಪ್ಪು ತಿಳ್ಕೋಬೇಡ್ರವ್ವ, ನಮ್ಮವ್ವಂಗೆ ಕಣ್ಣು ಅಷ್ಟಾಗಿ ಕಾಣಕಿಲ್ಲ" ಅನ್ನುತ್ತಿದ್ದರು. ಕೊನೆಗೆ ಚಂದನ ನಕ್ಕಳು.

"ಸುಮ್ನಿರಣ್ಣ. ಅಜ್ಜಿ ಬಸ್ ನೋಡಿದ್ದೂ ನಮ್ಗೆ ಕಾಣ್ತು, ಸೆರಗು ಮುಚ್ಚಿದ್ದೂ ಕಾಣ್ತು."

"ಮತ್ತೆ ಯಾಕವ್ವ ಎದ್ದು ಓಗ್ಲಿಲ್ಲ?"

ಮಂಗಳಮ್ಮ, "ಆ ಮುಕ ನೋಡ್ಕಂಡು ಯಂಗಣ್ಣ ಎದ್ದೋಗದು?" ಅಂದಳು. ಗೇಟು ಹಾಕುವ ಹೊತ್ತಿಗೆ ಸರಿಯಾಗಿ ತಲುಪಿದೆವು. ಮೂವರೂ ನುಗ್ಗಿ ಒಳಗೆ ಹೋದರು.

ವಾಪಸ್ ಬಂದಾಗ ಅತ್ತೆ ಅದೇ ಜಾಗದಲ್ಲಿ ಕೂತಿದ್ದರು. ಟ್ಯಾಬನ್ನು ದೂರದ ಕಂಬಕ್ಕೆ ಒರಗಿಸಿ ಇಟ್ಟಿದ್ದರು.

"ಸೇರ್ಕಂಡ್ರಾ?"

"ಸೇರ್ಕಂಡ್ರು ಕಣವ್ವ."

"ನಾಳಿಕ್ಕಿಂದ ಆ ಅಲ್ಗೆ ನಿನ್ ತಾವೇ ಮಡಿಕೋ ಸಿವ್ರಾಜ. ನಂಗೆ ಆಸೆ ತಡ್ಕಳಕ್ಕಾಗಕಿಲ್ಲ."

ನಮ್ಮನೆಯವರು ಆ ಟ್ಯಾಬ್ ತೆಗೆದುಕೊಂಡರು. ಅಂಗಿಯ ತುದಿಯಿಂದ ಅದರ ಗಾಜು ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ಅವ್ವನ ಮಡಿಲಲ್ಲೇ ಇಟ್ಟರು. "ನಿನ್ ತಾವೇ ಇರ್ಲಿ. ನೀನ್ ಮುಚ್ಕಂಡಿದ್ದು ಅವ್ರಿಗೂ ಕಂಡಿತ್ತಂತೆ. ಬೇಕಂತ್ಲೇ ಕುಂತಿದ್ರಂತೆ."

ಅತ್ತೆ ನನ್ನ ಕಡೆ ತಿರುಗಿದರು. "ನಿಜ್ವೇನವ್ವ? ಮೂರ್ ಜನುವಾ?" ನಾನು ಹೌದೆಂದೆ. ಮುಖಕ್ಕೆ ಸೆರಗು ಮುಚ್ಚಿಕೊಂಡು ಮೈ ಕುಲುಕಿಸಿ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಆಮೇಲೆ ಏನೋ ನೆನಪಾದವರಂತೆ ನನ್ನ ಕೈ ಹಿಡಿದುಕೊಂಡರು.

"ಆ ಮಂಗಳಿ ಅರ್ಧಕ್ಕೇ ಬುಟ್ಟು ಓಡೋದ್ಲಲ್ಲ. ಗಂಡಿನ್ ತಾಯಿ ಏನಂದ್ಲಂತೆ?"

ದಾರಿಯಲ್ಲಿ ಮಂಗಳಮ್ಮ ಹೇಳಿ ಮುಗಿಸಿದ್ದನ್ನು ಓಮ್ನಿಯ ಬಾಗಿಲು ಹಿಡಿದುಕೊಂಡೇ ನಾನು ಪೂರ್ತಿ ಕೇಳಿಸಿಕೊಂಡು ಬಂದಿದ್ದೆ. ಒಳಗೆ ಹುಳಿಗೆ ಒಗ್ಗರಣೆ ಬಾಕಿ ಇತ್ತು. ಅದು ಇರಲಿ ಅಂತ ಅತ್ತೆಯ ಪಕ್ಕದಲ್ಲಿ, ಮಂಗಳಮ್ಮ ದಿನಾ ಕೂರುವ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕಾಫಿ ಲೋಟ ಕೆಳಗಿಟ್ಟಲ್ಲಿಂದ ಹೇಳತೊಡಗಿದೆ.